ಗೋಣಿಯಲ್ಲಿ ಸಿಕ್ಕಿದ ಹೆಸರು

ದೀಪಾವಳಿ ಕಳೆದ ಮೊದಲ ಭಾನುವಾರ, ನಮ್ಮ ಬೆಳುವಾಯಿಯ ತೋಡಿನ ಸೇತುವೆಯ ಹತ್ತಿರ ಯಾರೋ ಎಸೆದು ಹೋಗಿದ್ದ ಕಸದ ಗೋಣಿಯಲ್ಲಿ ನನ್ನ ಹೆಸರು ಸಿಕ್ಕಿತು. ಆ ಗೋಣಿ ಎಸೆದವಳು ನಾನಲ್ಲ. ಆದರೂ ಹತ್ತು ಜನರ ಎದುರು ನಿಂತು ‘ಹೌದು, ನನ್ನದೇ’ ಅಂದೆ. ಯಾಕೆ ಹಾಗೆ ಅಂದೆ ಎಂದು ಹೇಳಬೇಕಾದರೆ ಸುಧಾಕರ ಮಾಷ್ಟ್ರ ವಿಷಯ ಹೇಳಬೇಕಾಗುತ್ತದೆ. ಹೇಳುತ್ತೇನೆ, ಅರುವತ್ತಮೂರು ವರ್ಷ ಆದವಳಿಗೆ ನಾಚಿಕೆ ಎಂತದ್ದು.

ನಾನು ಪದ್ಮಾಕ್ಷಿ. ಮೂವತ್ತೆಂಟು ವರ್ಷ ಅಂಚೆ ಇಲಾಖೆಯಲ್ಲಿ ದುಡಿದು ಪೋಸ್ಟ್‌ಮಾಸ್ಟರ್ ಆಗಿ ನಿವೃತ್ತಳಾದೆ. ಮದುವೆ ಯಾಕೆ ಆಗಲಿಲ್ಲ ಎಂದು ಕೇಳುವವರಿಗೆ ನನ್ನ ಉತ್ತರ ಒಂದೇ. ಅಮ್ಮನಿಗೆ ಪಕ್ಷವಾತ, ನನಗೆ ಟ್ರಾನ್ಸ್‌ಫರ್, ನಡುವೆ ನೋಡಲು ಬಂದ ಗಂಡುಗಳಿಗೆ ಕಾಯುವ ಪುರುಸೊತ್ತು ಇರಲಿಲ್ಲ.

ನಿವೃತ್ತಿಯಾದ ಮರುವಾರವೇ ಊರಿನ ನಿವೃತ್ತರ ತಂಡಕ್ಕೆ ಸೇರಿಕೊಂಡೆ. ಭಾನುವಾರ ಬೆಳಿಗ್ಗೆ ಆರೂವರೆಗೆ ಬಸ್‌ಸ್ಟ್ಯಾಂಡಿನಲ್ಲಿ ಸೇರಿ, ಸೇತುವೆಯವರೆಗಿನ ರಸ್ತೆ ಗುಡಿಸುವುದು, ಪ್ಲಾಸ್ಟಿಕ್ ತೊಟ್ಟೆ ಹೆಕ್ಕುವುದು, ಬದಿಯಲ್ಲಿ ಗಿಡ ನೆಡುವುದು. ಊರಿನವರು ನಮ್ಮನ್ನು ಪೆನ್ಶನ್ ಪಾರ್ಟಿ ಎಂದು ಕರೆಯುತ್ತಾರೆ. ಕರೆಯಲಿ.

ಸುಧಾಕರ ಮಾಷ್ಟ್ರು ಈ ತಂಡದ ಮುಖ್ಯಸ್ಥರು. ಹೈಸ್ಕೂಲಿನಲ್ಲಿ ಕನ್ನಡ ಕಲಿಸಿದವರು. ಹೆಂಡತಿ ತೀರಿಕೊಂಡು ಒಂಬತ್ತು ವರ್ಷ. ನಾನು ಹೋದ ಮೊದಲ ದಿನವೇ ನಮ್ಮಿಬ್ಬರಿಗೂ ಜಗಳವಾಯಿತು. ಸೇತುವೆಯ ಪಕ್ಕ ಅವರು ಒಂದು ಬೋರ್ಡು ಬರೆಸಿದ್ದರು: ‘ಸಾರ್ವಜನಿಕರು ಈ ಸ್ಥಳದಲ್ಲಿ ತ್ಯಾಜ್ಯ ವಿಸರ್ಜಿಸುವುದನ್ನು ನಿಷೇಧಿಸಲಾಗಿದೆ.’

“ಇದು ಅರ್ಥ ಆಗುವವ ಕಸ ಹಾಕುವುದಿಲ್ಲ ಮಾಷ್ಟ್ರೆ. ಕಸ ಹಾಕುವವನಿಗೆ ಇದು ಅರ್ಥ ಆಗುವುದಿಲ್ಲ,” ಅಂದೆ.

“ಹಾಗಾದ್ರೆ ಹೇಗೆ ಬರೀಬೇಕು, ನೀವೇ ಹೇಳಿ.”

“ಕಸ ಹಾಕ್ಬೇಡಿ ಮಾರಾಯ್ರೆ, ಅಂತ ಬರೆಯಿರಿ.”

“ಅದು ಬರವಣಿಗೆಯ ಭಾಷೆ ಅಲ್ಲ.”

“ಬಿಸಾಡಿದ್ದು ಕೂಡ ಬರವಣಿಗೆಯ ಕಸ ಅಲ್ಲವಲ್ಲ.”

ಅವರು ಕನ್ನಡಕದ ಮೇಲಿನಿಂದ ನನ್ನನ್ನು ಒಮ್ಮೆ ನೋಡಿದರು, ತಪ್ಪು ಉತ್ತರ ಬರೆದ ಹುಡುಗಿಯನ್ನು ನೋಡುವ ಹಾಗೆ. ನನಗೆ ಸಿಟ್ಟು ಬಂತು. ಆದರೆ ಮುಂದಿನ ಭಾನುವಾರ ಹೋಗಿ ನೋಡಿದರೆ ಬೋರ್ಡೇ ಬದಲಾಗಿತ್ತು. ಹಳದಿ ಬಣ್ಣದ ಮೇಲೆ ಕಪ್ಪು ಅಕ್ಷರದಲ್ಲಿ ‘ಕಸ ಹಾಕ್ಬೇಡಿ ಮಾರಾಯ್ರೆ’. ಅವರು ಸ್ವಲ್ಪ ಆಚೆ ಹಾರೆ ಹಿಡಿದು ಗುಂಡಿ ತೋಡುತ್ತಿದ್ದರು. ನನ್ನ ಕಡೆ ತಿರುಗಲೇ ಇಲ್ಲ, ಕಿವಿ ಮಾತ್ರ ಕೆಂಪಾಗಿತ್ತು. ಆ ಕಿವಿ ನೋಡಿ ನನ್ನ ಸಿಟ್ಟು ಎಲ್ಲಿ ಹೋಯಿತೋ ಗೊತ್ತಿಲ್ಲ.

ಆಮೇಲೆ ಮೂರು ವರ್ಷ ಹೀಗೇ ನಡೆಯಿತು. ಕೆಲಸಕ್ಕೆ ಎಲ್ಲರಿಗೂ ದೊಡ್ಡ ಸೈಜಿನ ಗ್ಲೌಸ್, ನನ್ನ ಕೈಗೆ ಸರಿಯಾಗುವ ಜೋಡಿ ಮಾತ್ರ ಮಾಷ್ಟ್ರ ಶರ್ಟಿನ ಜೇಬಿನಿಂದ ಬರುತ್ತಿತ್ತು. ಡಬ್ಬದಲ್ಲಿ ಒಂದು ಜೋಡಿ ಸಣ್ಣದು ಇರುತ್ತದೆ ಎಂದೇ ನಾನು ತಿಳಿದಿದ್ದೆ. ಅದನ್ನು ಅವರು ಮೂಡುಬಿದಿರೆಯಲ್ಲಿ ಮೂರು ಅಂಗಡಿ ಹುಡುಕಿ ತರುತ್ತಾರೆ ಎಂದು ಹೇಳಿದವರು ಹಸನಬ್ಬ. ಹಸನಬ್ಬ ಲಾರಿ ಓಡಿಸಿ ನಿವೃತ್ತರಾದವರು, ತಂಡದಲ್ಲಿ ಎಲ್ಲರಿಗಿಂತ ಹೆಚ್ಚು ಮಾತು ಅವರದು.

ಕೆಲಸ ಮುಗಿಸಿ ಚಾ ಕುಡಿಯುವಾಗ ಮಾಷ್ಟ್ರು ನನ್ನ ಎದುರಿನ ಬೆಂಚಿನಲ್ಲಿ ಕೂರುತ್ತಿದ್ದರು. ನಾನು ತಂದ ಬನ್ಸನ್ನು ಎರಡು ತುಂಡು ಮಾಡಿ, ಒಂದನ್ನು ತಿಂದು, ಇನ್ನೊಂದನ್ನು ಪೇಪರಿನಲ್ಲಿ ಸುತ್ತಿ ಜೇಬಿಗೆ ಹಾಕುತ್ತಿದ್ದರು.

“ರುಚಿ ಇಲ್ಲವಾ ಮಾಷ್ಟ್ರೆ?”

“ಉಂಟು. ಸೋಮವಾರಕ್ಕೂ ಸ್ವಲ್ಪ ಇರಲಿ ಅಂತ.”

ಹೇಳಿದ ಕೂಡಲೇ ಚಾ ಲೋಟದೊಳಗೆ ಏನೋ ಬಿದ್ದಿದೆ ಎನ್ನುವ ಹಾಗೆ ಬಗ್ಗಿ ನೋಡುತ್ತಿದ್ದರು. ನಾನು ಕೂಡ ನನ್ನ ಲೋಟ ನೋಡುತ್ತಿದ್ದೆ. ಮನೆಗೆ ಬಂದರೆ ಗೋಡೆಯ ಕ್ಯಾಲೆಂಡರ್ ಕಂಡು ಮಂಡೆ ಬಿಸಿಯಾಗುತ್ತಿತ್ತು. ಕೆಂಪು ಅಂಕಿ ಒಂದು, ಕಪ್ಪು ಅಂಕಿ ಆರು. ಯಾರು ಮಾಡಿದ ಲೆಕ್ಕವೋ ಇದು. ನನಗೆ ಅವರ ಮೇಲೆ ಪ್ರೀತಿಯಾಗಿತ್ತು, ಅದನ್ನು ಹೇಳುವ ವಯಸ್ಸು ಮುಗಿದಿದೆ ಎಂದೂ ತಿಳಿದಿದ್ದೆ.

ಇನ್ನು ಗೋಣಿಯ ವಿಷಯ. ರಸ್ತೆ ಬದಿ ಕಸದ ಗೋಣಿ ಸಿಕ್ಕಿದರೆ ನಾವು ಸುಮ್ಮನೆ ಎತ್ತಿ ಹಾಕುವುದಿಲ್ಲ. ಟಾರ್ಪಾಲಿನ ಮೇಲೆ ಸುರಿದು ಹುಡುಕುತ್ತೇವೆ. ಕರೆಂಟ್ ಬಿಲ್ಲೋ, ಮದುವೆ ಕಾಗದವೋ, ಮದ್ದಿನ ಚೀಟಿಯೋ ಒಂದಲ್ಲ ಒಂದು ಇರುತ್ತದೆ. ಹೆಸರು ಸಿಕ್ಕಿದವರೇ ಹೊಣೆ, ಇದು ಮಾಷ್ಟ್ರು ಮಾಡಿದ ನಿಯಮ. ಅವರು ಎಲ್ಲರೆದುರು ತಪ್ಪೊಪ್ಪಿಕೊಳ್ಳಬೇಕು, ದಂಡಕ್ಕೆ ಒಂದು ಗಿಡ ನೆಡಬೇಕು, ಅದಕ್ಕೆ ಎರಡು ಬೇಸಗೆ ನೀರು ಹಾಕಬೇಕು. ಅಳಿಸಿಹೋದ ವಿಳಾಸ ಓದುವುದು ನನ್ನ ಕೆಲಸ. ಕಳೆದ ವರ್ಷ ಒಬ್ಬ ಡಾಕ್ಟರು ‘ಅದು ಕೆಲಸದವಳು ಬಿಸಾಡಿದ್ದು’ ಅಂದಾಗ, ‘ಅವಳ ಹೆಸರು ಇಲ್ಲವಲ್ಲ, ನಿಮ್ಮದೇ ಉಂಟು’ ಎಂದು ಅವರ ಕೈಯಲ್ಲಿ ಹಾರೆ ಹಿಡಿಸಿದವಳು ನಾನೇ.

ಆ ಭಾನುವಾರ ಮಾಷ್ಟ್ರು ರಸ್ತೆಯ ಆಚೆ ತುದಿಯಲ್ಲಿ ಗುಂಡಿ ತೋಡುತ್ತಿದ್ದರು. ನಾನು ಮತ್ತು ಹಸನಬ್ಬ ಗೋಣಿ ಸುರಿದೆವು. ಹಬ್ಬಕ್ಕೆ ಮನೆ ಗುಡಿಸಿದ ಕಸ. ಹಳೆಯ ಕ್ಯಾಲೆಂಡರ್, ಒಡೆದ ಹಣತೆ, ಸೀಮೆಸುಣ್ಣದ ತುಂಡುಗಳು, ಪೇಪರಿನ ಕಟ್ಟು. ಆ ಕಟ್ಟಿನೊಳಗಿಂದ ಗೆರೆ ಎಳೆದ ಮೂರು ಹಾಳೆಗಳು ಜಾರಿದವು. ಅಕ್ಷರ ನೋಡಿದ ಕೂಡಲೇ ಗೊತ್ತಾಯಿತು. ನೆಟ್ಟ ಗಿಡ, ಹಾಕಿದ ದಂಡ ಬರೆದಿಡುವ ನಮ್ಮ ಗಿಡದ ಪುಸ್ತಕದಲ್ಲಿ ಮಾಷ್ಟ್ರ ಅದೇ ಅಕ್ಷರ ಪ್ರತಿ ವಾರ ನೋಡುತ್ತೇನಲ್ಲ.

ಮೂವತ್ತೆಂಟು ವರ್ಷದಲ್ಲಿ ನಾನು ಇನ್ನೊಬ್ಬರ ಕಾಗದ ಓದಿದವಳಲ್ಲ. ಆದರೆ ಇದರ ಮೇಲೆ ನನ್ನ ಹೆಸರಿತ್ತು. ಹಸನಬ್ಬನಿಗೆ ಬೆನ್ನು ಹಾಕಿ ಓದಿದೆ.

ಮೊದಲ ಹಾಳೆಯಲ್ಲಿ, ‘ಮಾನ್ಯ ಪದ್ಮಾಕ್ಷಿಯವರಿಗೆ, ಸುಧಾಕರ ಮಾಡುವ ವಿಜ್ಞಾಪನೆಗಳು.’ ಅದನ್ನು ಕೆಂಪು ಶಾಯಿಯಲ್ಲಿ ಹೊಡೆದು ಹಾಕಿ, ಪಕ್ಕದಲ್ಲಿ ಅವರೇ ಬರೆದಿದ್ದರು: ‘ಇದೇನು ರಜೆ ಅರ್ಜಿಯೇ?’

ಎರಡನೆಯದರಲ್ಲಿ, ‘ಆತ್ಮೀಯ ಪದ್ಮಾಕ್ಷಿಯವರೇ, ತಮ್ಮ ಆಗಮನದಿಂದ ನನ್ನ ಬಾಳಿನ ಬರಡು ನೆಲ’ ಎಂದು ಶುರುವಾಗಿ ಪುಟ ತುಂಬ ಇತ್ತು. ಕೆಂಪಿನಲ್ಲಿ: ‘ಅತಿಯಾಯಿತು. ಅವರು ನಗುತ್ತಾರೆ.’

ಮೂರನೆಯದರಲ್ಲಿ ಒಂದೇ ಸಾಲು. ‘ಪದ್ಮಾಕ್ಷಿ, ಭಾನುವಾರ ಮಾತ್ರ ಸಾಕಾಗುವುದಿಲ್ಲ.’ ಅದರ ಕೆಳಗೆ ಕೆಂಪಿನಲ್ಲಿ: ‘ಹತ್ತಕ್ಕೆ ಒಂಬತ್ತು. ಕಳಿಸುವ ಧೈರ್ಯ ಇಲ್ಲದ್ದಕ್ಕೆ ಒಂದು ಕಡಿಮೆ.’

ಮೂರೂ ಹಾಳೆ ಮಡಚಿ ನನ್ನ ಚೀಲದೊಳಗೆ ಹಾಕಿಕೊಂಡೆ. ಈ ಗೋಣಿ ಮಾಷ್ಟ್ರ ಮನೆಯದು ಎಂದು ಗೊತ್ತಾದರೆ, ಮತ್ತು ಅದರೊಳಗೆ ಏನಿತ್ತು ಎಂದು ಹಸನಬ್ಬನ ಬಾಯಿಗೆ ಸಿಕ್ಕಿದರೆ, ಸಂಜೆಯೊಳಗೆ ಊರೆಲ್ಲ ನಗುತ್ತದೆ. ಆ ಮನುಷ್ಯ ಮತ್ತೆ ತಲೆಯೆತ್ತಿ ಈ ರಸ್ತೆಗೆ ಬರುವವರಲ್ಲ. ನನಗಿದ್ದ ಒಂದು ಭಾನುವಾರವೂ ಹೋಗುತ್ತದೆ.

“ಅಕ್ಕ, ಹೆಸರು ಸಿಕ್ಕಿತು,” ಅಂದರು ಹಸನಬ್ಬ.

ತಿರುಗಿ ನೋಡಿದರೆ ಅವರ ಕೈಯಲ್ಲಿ ಒಂದು ಕವರ್. ಅದರ ಮೇಲೆ ದುಂಡಗಿನ ಅಕ್ಷರದಲ್ಲಿ ನನ್ನ ಹೆಸರು, ನಿವೃತ್ತ ಪೋಸ್ಟ್‌ಮಾಸ್ಟರ್, ಮನೆ ನಂಬ್ರ ಸಮೇತ.

“ಎಂತ ಅಕ್ಕ ಇದು? ಊರಿಗೆಲ್ಲ ದಂಡ ಹಾಕಿಸಿದವರು ನೀವೇ ಬಿಸಾಡುವುದಾ?” ಹಸನಬ್ಬನಿಗೆ ಖುಷಿಯೋ ಖುಷಿ. ಉಳಿದವರೂ ಪೊರಕೆ ಬಿಟ್ಟು ಸುತ್ತ ಸೇರಿದರು.

ಆ ಕವರಿಗೆ ಸ್ಟ್ಯಾಂಪ್ ಇರಲಿಲ್ಲ, ಸೀಲು ಇರಲಿಲ್ಲ. ಅದು ನನ್ನ ಮನೆಗೆ ಬಂದದ್ದೇ ಅಲ್ಲ ಎಂದು ಹೇಳಲು ನನಗೆ ಒಂದು ನಿಮಿಷ ಸಾಕಿತ್ತು. ಆದರೆ ಮರು ಪ್ರಶ್ನೆ ಏನೆಂದು ಗೊತ್ತಲ್ಲ, ಹಾಗಾದರೆ ಬರೆದವರು ಯಾರು?

ಅಷ್ಟರಲ್ಲಿ ಮಾಷ್ಟ್ರು ಹೆಗಲ ಮೇಲೆ ಹಾರೆ ಇಟ್ಟುಕೊಂಡು ಬಂದರು. ಕವರ್ ನೋಡಿದರು. ಟಾರ್ಪಾಲಿನ ಮೇಲಿದ್ದ ಸೀಮೆಸುಣ್ಣ ನೋಡಿದರು. ಅವರ ಮುಖದಲ್ಲಿ ಬಣ್ಣವೇ ಉಳಿಯಲಿಲ್ಲ.

“ಹೌದು, ನನ್ನದೇ,” ಅಂದೆ ನಾನು. “ಹಬ್ಬದ ಗಡಿಬಿಡಿಯಲ್ಲಿ ತಪ್ಪಾಯಿತು. ದಂಡ ಬರೆಯಿರಿ.”

ಆ ಡಾಕ್ಟರ ಮುಖ ನನ್ನ ಕಣ್ಣ ಮುಂದೆ ಬಂದು ಹೋಯಿತು. ಮರ್ಯಾದೆ ಹೋದದ್ದು ನಿಜ, ಆದರೆ ಮಾಷ್ಟ್ರು ಉಳಿದರಲ್ಲ ಎಂದು ಸಮಾಧಾನ ಮಾಡಿಕೊಂಡೆ.

“ಅಲ್ಲ,” ಅಂದರು ಮಾಷ್ಟ್ರು. ಹಾರೆಯನ್ನು ಮೆಲ್ಲ ಕೆಳಗಿಟ್ಟರು. “ಗೋಣಿ ನನ್ನದು. ಬೆಳ್ತಂಗಡಿಯಿಂದ ನನ್ನ ಅಮ್ಮಣಿ ಅಕ್ಕ ಬಂದು ಮನೆ ಗುಡಿಸಿ ಕಟ್ಟಿಟ್ಟದ್ದು. ಪಂಚಾಯತಿನ ಕಸದ ಶೆಡ್ಡಿಗೆ ಹಾಕು ಅಂತ ಆಟೋದಲ್ಲಿ ಕಳಿಸಿದ್ದೆ. ಅಲ್ಲಿಗೆ ಹೋಗಿದೆಯಾ ಅಂತ ವಿಚಾರಿಸಲಿಲ್ಲ. ತಪ್ಪು ನನ್ನದೇ.”

“ಹಾಗಾದ್ರೆ ಅಕ್ಕನ ಹೆಸರಿನ ಕವರ್ ನಿಮ್ಮ ಗೋಣಿಯಲ್ಲಿ ಎಂತಕ್ಕೆ ಮಾಷ್ಟ್ರೆ?”

ಹಸನಬ್ಬ ಕೆಟ್ಟವರಲ್ಲ, ಕೇಳಬಾರದ್ದು ಯಾವುದು ಎಂದು ಅವರಿಗೆ ಗೊತ್ತಾಗುವುದಿಲ್ಲ ಅಷ್ಟೇ. ನಾನು ಏನಾದರೂ ಸುಳ್ಳು ಹೇಳೋಣ ಎಂದು ಬಾಯಿ ತೆರೆದೆ. ಮಾಷ್ಟ್ರು ಕೈ ಅಡ್ಡ ಹಿಡಿದರು.

“ಅವರಿಗೆ ಒಂದು ಕಾಗದ ಬರೆದಿದ್ದೆ,” ಅಂದರು. ಪಾಠ ಮಾಡಿದ ಗಂಟಲು, ಅದರಲ್ಲಿ ಈಗ ಅರ್ಧ ಸ್ವರವೂ ಇರಲಿಲ್ಲ. “ಕಳಿಸಲಿಕ್ಕೆ ಧೈರ್ಯ ಬರಲಿಲ್ಲ. ಅವರು ನನಗಾಗಿ ತಪ್ಪು ಹೊರುವುದು ಬೇಡ. ಮುಂದಿನ ವಾರದಿಂದ ತಂಡವನ್ನು ಬೇರೆ ಯಾರಾದರೂ ನೋಡಿಕೊಳ್ಳಿ.”

ಆ ಒಂದು ಮಾರ್ಕನ್ನು ನಾನು ಅಲ್ಲಿಯೇ ಮನಸ್ಸಿನಲ್ಲಿ ಕೊಟ್ಟುಬಿಟ್ಟೆ.

ಹಸನಬ್ಬನ ಬಾಯಿ ತೆರೆದಲ್ಲೇ ಇತ್ತು. ಯಾರಾದರೂ ಒಬ್ಬರು ನಕ್ಕಿದ್ದರೆ ಎಲ್ಲ ಮುಗಿಯುತ್ತಿತ್ತು. ನಗುವುದಕ್ಕೆ ನಾನು ಬಿಡಲಿಲ್ಲ.

“ತಂಡ ಬಿಡುವ ನಿಯಮ ಇಲ್ಲ,” ಅಂದೆ. “ಗಿಡ ನೆಡುವ ನಿಯಮ ಮಾತ್ರ ಇರುವುದು. ಇಬ್ಬರಿಗೂ ದಂಡ ಹಾಕಿ ಹಸನಬ್ಬ.”

“ನಿಮಗೆ ಎಂತಕ್ಕೆ ಅಕ್ಕ?”

“ಸುಳ್ಳು ಹೇಳಿದ್ದೇನೆ. ಮತ್ತೆ ಹೆಸರು ಕೂಡ ನನ್ನದೇ ಉಂಟಲ್ಲ.”

ಹಸನಬ್ಬ ನನ್ನನ್ನು ನೋಡಿದರು, ಮಾಷ್ಟ್ರನ್ನು ನೋಡಿದರು. ಮತ್ತೆ ಏನೂ ಕೇಳದೆ ಗಿಡದ ಪುಸ್ತಕ ತೆಗೆದು ಬರೆದರು. ಎರಡು ರೆಂಜೆ ಗಿಡ, ಎರಡು ಬೇಸಗೆ. ಬೋರ್ಡಿನ ಆಚೆ ಒಂದು, ಈಚೆ ಒಂದು ಗುಂಡಿ. ಮಾಷ್ಟ್ರು ಮಣ್ಣು ಹಾಕುವಾಗ ನಾನು ಗಿಡ ನೇರ ಹಿಡಿದೆ. ನಾನು ಹಾಕುವಾಗ ಅವರು ಹಿಡಿದರು. ತಲೆ ತಗ್ಗಿಸಿಯೇ ಇದ್ದರು. ಕಾಗದ ನನ್ನ ಚೀಲದಲ್ಲಿ ಉಂಟೆಂದು ಅವರಿಗೆ ಗೊತ್ತಿರಲಿಲ್ಲ. ಕವರ್ ಮಾತ್ರ ಸಿಕ್ಕಿದೆ, ಒಳಗಿನದು ನಾನು ಓದಿಲ್ಲ ಎಂದು ತಿಳಿದಿದ್ದರು.

“ಮಳೆ ಬಿಟ್ಟು ಎರಡು ವಾರ ಆಯ್ತು, ಮಣ್ಣು ಈಗಲೇ ಒಣಗಿದೆ,” ಅಂದರು ಹಸನಬ್ಬ. “ಪರವಾಗಿಲ್ಲ, ಭಾನುವಾರ ಬರುವಾಗ ಇಬ್ಬರೂ ಒಂದೊಂದು ಕೊಡ ನೀರು ತನ್ನಿ, ಸಾಕು.”

ನಾನು ಕೈಯ ಮಣ್ಣು ಕೊಡವಿಕೊಂಡು ಎದ್ದೆ. ಮಾಷ್ಟ್ರ ಮುಖ ನೋಡಿಯೇ ಹೇಳಿದೆ.

“ಭಾನುವಾರ ಮಾತ್ರ ಸಾಕಾಗುವುದಿಲ್ಲ.”

“ಅದು ಹೌದು, ವಾರಕ್ಕೊಮ್ಮೆ ಆದ್ರೆ ಸತ್ತೇ ಹೋಗ್ತದೆ,” ಅಂದರು ಹಸನಬ್ಬ.

ಮಾಷ್ಟ್ರು ಮೆಲ್ಲ ತಲೆಯೆತ್ತಿದರು. ಕನ್ನಡಕ ತೆಗೆದರು, ಮಣ್ಣಿನ ಕೈಯಲ್ಲೇ ಒರೆಸಿದರು, ಮತ್ತೆ ಹಾಕಿಕೊಂಡು ನನ್ನನ್ನು ನೋಡಿದರು. ಗಾಜಿನ ಮೇಲೆಲ್ಲ ಕೆಂಪು ಮಣ್ಣು. ಏನು ಕಂಡಿತೋ ಅವರಿಗೆ, ಕಿವಿ ಮಾತ್ರ ಮೂರು ವರ್ಷದ ಹಿಂದಿನ ಹಾಗೆಯೇ ಕೆಂಪಾಯಿತು. ನನಗೆ ಅಳು ಬಂತು, ಧೂಳು ಎಂದು ಹೇಳಿ ಸೆರಗಿನಲ್ಲಿ ಒರೆಸಿಕೊಂಡೆ.

ಮರುದಿನ ಸೋಮವಾರ. ಆರೂವರೆಗೆ ಕ್ಯಾನ್ ಹಿಡಿದುಕೊಂಡು ಹೋದರೆ ಅವರು ಆಗಲೇ ಬಂದು ಸೇತುವೆಯ ಕಟ್ಟೆಯಲ್ಲಿ ಕೂತಿದ್ದರು. ಇಸ್ತ್ರಿ ಹಾಕಿದ ಬಿಳಿ ಶರ್ಟು. ಗಿಡಕ್ಕೆ ನೀರು ಹಾಕಲು ಇಸ್ತ್ರಿ ಎಂತಕ್ಕೆ ಎಂದು ನಾನು ಕೇಳಲಿಲ್ಲ, ನಾನು ಕೂಡ ಪೆಟ್ಟಿಗೆಯ ಸೀರೆ ಉಟ್ಟಿದ್ದೆ.

“ಆ ಹಾಳೆಗಳನ್ನು ಒಂದು ವಾರ ಮನೆಯೆಲ್ಲ ಹುಡುಕಿದ್ದೇನೆ,” ಅಂದರು. “ವಾಪಸ್ ಕೊಡ್ತೀರಾ?”

“ಇಲ್ಲ. ಮುಟ್ಟಿದ ಮೇಲೆ ಕಾಗದ ವಿಳಾಸದಾರರದ್ದು. ಇಲಾಖೆಯ ನಿಯಮ.”

“ಎರಡನೇ ಹಾಳೆಯಾದ್ರೂ ಹರಿದು ಹಾಕಿ. ಅದು ತುಂಬ ಕೆಟ್ಟದುಂಟು.”

“ಅದನ್ನು ನಾಲ್ಕು ಸರ್ತಿ ಓದಿದ್ದೇನೆ. ನೀವು ಬರೆದ ಹಾಗೆಯೇ ನಕ್ಕೆ ಕೂಡ. ಈಗ ಮೂರನೇ ಹಾಳೆಯನ್ನು ಬಾಯಲ್ಲಿ ಹೇಳಿ.”

“ಪದ್ಮಾಕ್ಷಿ,” ಅಂದರು. ‘ಯವರೇ’ ಇರಲಿಲ್ಲ. ಮೂರು ವರ್ಷದಲ್ಲಿ ಮೊದಲ ಸಲ. ಅಲ್ಲಿಗೇ ಅವರ ಸ್ವರ ನಿಂತಿತು.

“ಮುಂದೆ?”

“ಮುಂದಿನದು ನಿನ್ನೆ ನೀವೇ ಹೇಳಿದ್ರಲ್ಲ.”

ಇಬ್ಬರೂ ನಕ್ಕೆವು. ನೀರು ಹಾಕಿದೆವು. ಬಿಸಿಲು ಬರುವವರೆಗೆ ಕಟ್ಟೆಯಲ್ಲಿ ಕೂತು, ನಾನು ತಂದಿದ್ದ ಬನ್ಸ್ ತಿಂದೆವು. ಅವರು ಅರ್ಧ ತೆಗೆದಿಡಲಿಲ್ಲ, ಪೂರ್ತಿ ತಿಂದರು.

“ಅಮ್ಮಣಿ ಅಕ್ಕನಿಗೆ ಒಂದು ಮಾತು ಹೇಳುವನಾ?” ಎಂದು ಕೇಳಿದರು, ರಸ್ತೆ ನೋಡುತ್ತಾ. “ಗೋಣಿ ದಾರಿ ತಪ್ಪಿತು ಅಂತ ನಿನ್ನೆಯಿಂದ ಅವಳಿಗೂ ಚಿಂತೆ ಉಂಟು.”

“ಹೇಳುವ.”

“ಎಂತ ಹೇಳುವುದು?”

“ಸರಿಯಾದ ವಿಳಾಸಕ್ಕೇ ಮುಟ್ಟಿದೆ ಅಂತ ಹೇಳಿ,” ಅಂದೆ.