ಕಡಿಮೆ ಮಾಡಲ್ಲ

"ಕಡಿಮೆ ಮಾಡಲ್ಲ."

ಬಾಗಿಲು ತೆರೆದವಳೇ ತನುಜಾ ಹೇಳಿದ ಮೊದಲ ಮಾತು ಅದು. ಹೊರಗೆ ನಿಂತಿದ್ದವನು ಇನ್ನೂ ಬಾಯಿ ತೆರೆದಿರಲಿಲ್ಲ.

ಅವಳ ಹೆಗಲಿನಿಂದ ಗಿಟಾರ್ ನೇತಾಡುತ್ತಿತ್ತು. ಹಿಂದೆ ಕೋಣೆಯಲ್ಲಿ ಗಿಟಾರಿನ ದನಿ ಹಿಗ್ಗಿಸುವ ಆಂಪ್ ಇನ್ನೂ ಗುಂಯ್‌ಗುಡುತ್ತಿತ್ತು. ಎದುರಿಗಿದ್ದವನ ತಲೆಗೂದಲ ಮೇಲೆ, ಹುಬ್ಬಿನ ಮೇಲೆ, ಅಂಗಿಯ ಮೇಲೆಲ್ಲ ಮರದ ಹೊಟ್ಟು. ಜಗಳಕ್ಕೆ ಬರುವವನು ಮೈ ಒರೆಸಿಕೊಂಡಾದರೂ ಬರಬಾರದೇ ಎಂದುಕೊಂಡಳು.

"ನಾನಿನ್ನೂ ಏನೂ ಹೇಳಿಲ್ಲ," ಎಂದ ಅವನು.

"ಹೇಳೋದು ಅದೇ ತಾನೇ? ಎಲ್ಲರೂ ಅದನ್ನೇ ಹೇಳೋದು."

ಅವನು ಗೌತಮ್. ಕೆಳಗಿನ ಮನೆಯ ವಿಶಾಲಮ್ಮನ ಒಬ್ಬನೇ ಮಗ. ಸಾಗರದಲ್ಲಿ ಕೆತ್ತನೆ ಕೆಲಸ ಮಾಡಿಕೊಂಡು ಬಂದ ಮನೆತನ ಅವರದು. ದೇವರ ಮಂಟಪ, ಬಾಗಿಲು, ಕಪಾಟು ಎಲ್ಲವೂ ಮನೆಯ ಪಕ್ಕದ ಶೆಡ್ಡಿನಲ್ಲೇ ತಯಾರಾಗುತ್ತಿದ್ದವು. ತೀರ್ಥಹಳ್ಳಿಯಲ್ಲಿ ಒಂದು ಹೊಸ ಮನೆಯ ಮರದ ಕೆಲಸ ಮುಗಿಸಿ, ತಿಂಗಳ ನಂತರ ಹಿಂದಿನ ದಿನವಷ್ಟೇ ಊರಿಗೆ ಮರಳಿದ್ದ. ಬಂದವನ ಕಿವಿಗೆ ಮೊದಲು ಬಿದ್ದದ್ದು ಮಹಡಿಗೆ ಬಾಡಿಗೆಗೆ ಬಂದ ಹುಡುಗಿಯ ಮೇಲಿನ ದೂರು. ಅವಳು ಮಧ್ಯಾಹ್ನ ಮೂರಕ್ಕೆ ಗಿಟಾರ್ ಹಿಡಿದರೆ ಅಡುಗೆಮನೆಯ ಸ್ಟೀಲ್ ಪಾತ್ರೆಗಳೆಲ್ಲ ಕುಣಿಯುತ್ತವಂತೆ. ಸದ್ದು ನಿಲ್ಲಬೇಕು, ಇಲ್ಲದಿದ್ದರೆ ತಿಂಗಳ ಕೊನೆಗೆ ಮನೆ ಖಾಲಿಯಾಗಬೇಕು. ಇದು ವಿಶಾಲಮ್ಮನ ತೀರ್ಪು. ಹಾಗೆಂದು ವಿಶಾಲಮ್ಮನ ದನಿಯೇನೂ ಕಡಿಮೆಯದಲ್ಲ. ಅವರು ಹಿತ್ತಲಲ್ಲಿ ಮಾತಾಡಿದರೆ ಮೂರು ಮನೆಯಾಚೆಯವರು ಉತ್ತರ ಕೊಡುತ್ತಿದ್ದರು.

ಗೌತಮ್ ಅಮ್ಮನ ಮಾತನ್ನು ಹಾಗೇ ಒಪ್ಪಿಸಿದ. ತನುಜಾಳಿಗೆ ಇದು ಮೂರನೇ ಮನೆ!

ಹೊಸನಗರದಲ್ಲಿ ಅಪ್ಪನ ಮನೆಯಲ್ಲಿದ್ದಾಗಲೂ ಇದೇ ಪಾಠ. ಮೆಲ್ಲಗೆ ಮಾತಾಡು, ಮೆಲ್ಲಗೆ ನಗು, ಬಾಗಿಲು ಮೆಲ್ಲಗೆ ಹಾಕು. ಗಿಟಾರ್ ಬಂದ ಮೇಲೆ ಅದನ್ನೂ ಮೆಲ್ಲಗೆ ನುಡಿಸು. ಸಾಗರದ ಒಂದು ಲ್ಯಾಬಿನಲ್ಲಿ ಬೆಳಗಿನ ಪಾಳಿಯ ಕೆಲಸ ಸಿಕ್ಕಾಗ ಅವಳು ಬ್ಯಾಗು ಕಟ್ಟಿಕೊಂಡು ಬಂದಿದ್ದೇ ಈ 'ಮೆಲ್ಲಗೆ'ಯಿಂದ ತಪ್ಪಿಸಿಕೊಳ್ಳಲು. ಮೊದಲ ಬಾಡಿಗೆ ಮನೆಯವರು ಎರಡೇ ತಿಂಗಳಿಗೆ ಕೈಮುಗಿದಿದ್ದರು. ಈಗ ಇಲ್ಲಿಯೂ ಅದೇ.

'ಬಗ್ಗಲ್ಲ. ಇನ್ನೊಂದು ಮನೆ ಹುಡುಕ್ತೀನಿ, ಆದ್ರೆ ಬಗ್ಗಲ್ಲ,' ಎಂದುಕೊಂಡು ಬಾಗಿಲು ಹಾಕಲು ಹೊರಟಳು.

"ಒಂದು ಕೇಳ್ಲಾ? ಇದನ್ನ ಜೋರಾಗೇ ಯಾಕೆ ನುಡಿಸಬೇಕು?"

ಅವನ ದನಿಯಲ್ಲಿ ಕುಹಕವಿರಲಿಲ್ಲ. ಮರದ ಜಾತಿ ಯಾವುದು ಎಂದು ವಿಚಾರಿಸುವವನ ಹಾಗೆ ಕೇಳಿದ್ದ. ಇಷ್ಟು ವರ್ಷದಲ್ಲಿ ಯಾರೂ ಅವಳನ್ನು ಈ ಪ್ರಶ್ನೆ ಕೇಳಿರಲಿಲ್ಲ. ತನುಜಾ ಬಾಗಿಲು ಹಾಕುವುದನ್ನು ಮರೆತಳು.

ಒಳಗೆ ಕರೆದು ಆಂಪಿನ ಹಿಂಬದಿ ತೋರಿಸಿದಳು. ಹಳೆಯ ರೇಡಿಯೋಗಳಲ್ಲಿ ಇರುತ್ತಿದ್ದಂಥ ಗಾಜಿನ ವಾಲ್ವ್‌ಗಳು ಅಲ್ಲಿ ಕೆಂಪಗೆ ಉರಿಯುತ್ತಿದ್ದವು. ವಾಲ್ಯೂಮ್ ಎರಡಕ್ಕಿಟ್ಟು ಒಂದು ತಂತಿ ಮೀಟಿದಳು. ದನಿ ತೆಳ್ಳಗೆ, ಸಪ್ಪೆಯಾಗಿ ಬಂತು. ಎಂಟಕ್ಕೆ ತಿರುಗಿಸಿ ಅದೇ ತಂತಿ ಮೀಟಿದಳು. ಈ ಬಾರಿ ದನಿ ತುಂಬಿಕೊಂಡು ಎದ್ದಿತು, ತುದಿಯಲ್ಲಿ ಚೂರು ಒಡೆಯಿತು, ಎಷ್ಟೋ ಹೊತ್ತು ಆರದೆ ನಿಂತಿತು. ಕೆಳಗೆ ಪಾತ್ರೆಗಳು ನಡುಗಿದವು, ವಿಶಾಲಮ್ಮ ಮಗನ ಹೆಸರು ಹಿಡಿದು ಕೂಗಿದರು.

"ವಾಲ್ವ್‌ಗಳಿಗೆ ಪೂರ್ತಿ ಕೆಲಸ ಕೊಟ್ರೆ ಮಾತ್ರ ಈ ದನಿ ಬರೋದು. ಕಡಿಮೆ ಮಾಡಿದ್ರೆ ಇದು ಬೇರೆಯವರ ದನಿ, ನನ್ನದಲ್ಲ," ಎಂದಳು ತನುಜಾ.

ಗೌತಮ್ ಸ್ವಲ್ಪ ಹೊತ್ತು ಸ್ಪೀಕರನ್ನೇ ನೋಡಿದ. ಆಂಪ್ ಬೇರೆ, ಸ್ಪೀಕರ್ ಬೇರೆ, ನಡುವೆ ಒಂದು ವೈರು ಅಷ್ಟೇ ಅಲ್ಲವೇ ಎಂದು ಖಚಿತಪಡಿಸಿಕೊಂಡ. ಆಮೇಲೆ ಕಿವಿಯ ಮೇಲಿನ ಪೆನ್ಸಿಲ್ ತೆಗೆದು ಗೋಡೆಗೆ ಅಂಟಿಸಿದ್ದ ಕ್ಯಾಲೆಂಡರಿನ ಮೇಲೇ ಚಿತ್ರ ಬರೆಯತೊಡಗಿದ. ಸ್ಪೀಕರನ್ನು ಮಾತ್ರ ಒಳಗಿಡುವ ಒಂದು ಪೆಟ್ಟಿಗೆ. ಎರಡು ಪದರ ಪ್ಲೈವುಡ್, ನಡುವೆ ಒಣ ಮರಳು, ಒಳಗೆ ಹತ್ತಿ, ನಡುಕ ನೆಲಕ್ಕೆ ಇಳಿಯದಂತೆ ಅಡಿಯಲ್ಲಿ ಲಾರಿ ಟ್ಯೂಬು. ಸ್ಪೀಕರಿನ ಮುಂದೆ ಮೈಕ್ ಇಟ್ಟು ರೆಕಾರ್ಡ್ ಮಾಡಿಕೊಳ್ಳಬಹುದು, ಹೆಡ್‌ಫೋನಿನಲ್ಲಿ ಕೇಳಿಕೊಳ್ಳಬಹುದು.

"ಒಳಗೆ ನೀವು ಎಷ್ಟು ಬೇಕಾದ್ರೂ ಜೋರು ಮಾಡಿ," ಎಂದ.

ಕಡಿಮೆ ಮಾಡಿ ಎನ್ನದ ಮೊದಲ ಮನುಷ್ಯ! ತನುಜಾ ಕ್ಯಾಲೆಂಡರನ್ನು ಗೋಡೆಯಿಂದ ಬಿಡಿಸಿ ಹಿಡಿದುಕೊಂಡು ನಿಂತಳು.

ಅಲ್ಲಿಂದ ಹದಿನೈದು ದಿನ ಲ್ಯಾಬಿನಿಂದ ಕಾಲು ಅವಳನ್ನು ನೇರ ಶೆಡ್ಡಿಗೇ ಎಳೆಯುತ್ತಿತ್ತು. ಮರಳು ಒಣಗಿಸಿದಳು, ಹತ್ತಿ ಬಿಡಿಸಿದಳು. ಸ್ಪೀಕರ್ ಸಿಕ್ಕಿಸದೆ ಆಂಪ್ ನುಡಿಸಿದರೆ ಒಳಗಿನ ಶಕ್ತಿಗೆ ಹೋಗಲು ದಾರಿಯಿಲ್ಲದೆ ಟ್ರಾನ್ಸ್‌ಫಾರ್ಮರ್ ಸುಟ್ಟುಹೋಗುತ್ತದೆ, ಹುಷಾರು ಎಂದು ಅವನಿಗೆ ಎರಡು ಸಲ ಹೇಳಿದಳು. ಎರಡು ಸಲವೂ ಅವನು ತಲೆಯಾಡಿಸಿದ. ಒಂದು ದಿನ ಅವಳ ಫೋನನ್ನು ಪೆಟ್ಟಿಗೆಯೊಳಗಿಟ್ಟು ರಿಂಗ್ ಕೊಟ್ಟು, ಸದ್ದು ಎಲ್ಲಿ ಸೋರುತ್ತಿದೆಯೆಂದು ಇಬ್ಬರೂ ಹಲಗೆಗೆ ಕಿವಿಯಿಟ್ಟರು. ಕಿವಿಯಿಟ್ಟಾಗ ಮುಖಗಳು ಎದುರುಬದುರಾದವು. ಫೋನು ಹೊಡೆದುಕೊಂಡು ಹೊಡೆದುಕೊಂಡು ನಿಂತೇ ಹೋಯಿತು, ಇಬ್ಬರೂ ಕಿವಿ ತೆಗೆಯಲಿಲ್ಲ...

'ಇವನು ಮನೆ ಮಾಲೀಕರ ಮಗ ಕಣೇ,' ಎಂದು ಅವಳು ತನ್ನನ್ನೇ ಗದರಿಸಿಕೊಂಡಳು. ಮನಸ್ಸು ಕೇಳಿದ್ದರೆ ತಾನೇ!

ಕೊನೆಗೂ ಒಂದು ಬೆಳಿಗ್ಗೆ, ತನುಜಾ ಲ್ಯಾಬಿನಲ್ಲಿದ್ದಾಗ, ನಾಲ್ಕು ಜನ ಪೆಟ್ಟಿಗೆಯನ್ನು ಮಹಡಿಗೆ ಹೊತ್ತರು. ಗೌತಮ್ ಸ್ಪೀಕರನ್ನು ಒಳಗೆ ಕೂರಿಸಿ, ವರದಹಳ್ಳಿಗೆ ಒಂದು ಮಂಟಪ ತಲುಪಿಸಲು ಹೋದ.

ಎರಡೂವರೆಗೆ ಬಂದ ತನುಜಾಗೆ ಕಾದು ಕೂರುವ ತಾಳ್ಮೆಯಿರಲಿಲ್ಲ. ಪೆಟ್ಟಿಗೆಯ ಮೇಲೆ ಮುಚ್ಚಳ ಸುಮ್ಮನೆ ಕೂತಿತ್ತು, ಅದರ ಮೇಲೆ ಸ್ಕ್ರೂಗಳ ಪೊಟ್ಟಣ. ಹನ್ನೆರಡು ಸ್ಕ್ರೂಗಳನ್ನೂ ತಾನೇ ಬಿಗಿದು, ಹೊರಗೆ ಬಂದಿದ್ದ ವೈರನ್ನು ಆಂಪಿಗೆ ಸಿಕ್ಕಿಸಿದಳು. ಮೈಕ್ ಆಮೇಲೆ ಇಟ್ಟರಾಯಿತು, ಮೊದಲು ಸದ್ದು ಹೊರಗೆ ಬರುತ್ತದೋ ಇಲ್ಲವೋ ನೋಡಬೇಕಿತ್ತು. ಅಷ್ಟರಲ್ಲಿ ಗೌತಮ್ ಫೋನ್ ಮಾಡಿದ. ಬಂದಿದ್ದಾನಂತೆ, ಅಮ್ಮನ ಅಡುಗೆಮನೆಯಲ್ಲೇ ನಿಂತಿದ್ದಾನಂತೆ.

ಅವಳು ನಾಲ್ಕಕ್ಕಿಟ್ಟು ನುಡಿಸಿದಳು. ಏನೂ ಕೇಳಿಸುತ್ತಿಲ್ಲ ಎಂದ. ಏಳಕ್ಕೆ ಏರಿಸಿದಳು. ಏನೂ ಇಲ್ಲ. ಅವಳ ಕೋಣೆಯಲ್ಲೂ ಏನೂ ಇಲ್ಲ! ಆಂಪಿದ್ದ ಕಡೆಯಿಂದ ಮಾತ್ರ ಸೊಳ್ಳೆಯಷ್ಟು ಸಣ್ಣ ದನಿಯಲ್ಲಿ ಅವಳ ರಾಗವೇ ಕೇಳುತ್ತಿತ್ತು. ಪೆಟ್ಟಿಗೆಯಿಂದ ಸೋರುತ್ತಿರುವುದು ಅದೊಂದೇ ಇರಬೇಕು ಎಂದುಕೊಂಡಳು. ಖುಷಿಯಿಂದ ಕಣ್ಣು ಒದ್ದೆಯಾಯಿತು. ಹತ್ತಕ್ಕೆ ತಿರುಗಿಸಿ, ಕಣ್ಣು ಮುಚ್ಚಿ, ಬೆರಳು ನೋಯುವಷ್ಟು ನುಡಿಸಿದಳು. ಕೆಳಗೆ ಗೌತಮ್ ನಗುತ್ತಿದ್ದ.

ಆಗ ಸುಟ್ಟ ವಾಸನೆ ಬಂತು.

ಆಂಪಿನ ಹಿಂದಿನಿಂದ ಹೊಗೆ ಎದ್ದು, ದೀಪ ಆರಿತು. ಅವಳು ಹನ್ನೆರಡು ಸ್ಕ್ರೂ ಬಿಚ್ಚಿ ಮುಚ್ಚಳ ಎತ್ತಿದಳು. ಒಳಗೆ ವೈರಿನ ತುದಿ ಸ್ಪೀಕರಿನ ಪಕ್ಕದಲ್ಲಿ ಸುಮ್ಮನೆ ಜೋತುಬಿದ್ದಿತ್ತು. ಸ್ಪೀಕರಿಗೆ ಅದನ್ನು ಯಾರೂ ಸಿಕ್ಕಿಸಿರಲೇ ಇಲ್ಲ.

ಮೆಟ್ಟಿಲು ಹಾರಿ ಬಂದ ಗೌತಮನಿಗೆ ಅವಳು ಆ ತುದಿಯನ್ನು ಎತ್ತಿ ತೋರಿಸಿದಳು.

"ಎರಡು ಸಲ ಹೇಳಿದ್ದೆ ನಿಮಗೆ. ಗೊತ್ತಿದ್ದೂ ಮಾಡಿದ್ರಿ. ಸದ್ದು ನಿಲ್ಲಬೇಕು ಅಂತ ನಿಮ್ಮಮ್ಮ ಹೇಳಿದ್ರಲ್ಲ... ನಿಲ್ಲಿಸಿಬಿಟ್ರಿ."

ಗೌತಮ್ ಸುಟ್ಟ ಆಂಪ್ ನೋಡಿದ. ನೆಲದ ಮೇಲೆ ಬಿದ್ದಿದ್ದ ಸ್ಕ್ರೂಗಳನ್ನು ನೋಡಿದ. ಏನೋ ಹೇಳಲು ಬಾಯಿ ತೆರೆದು, ಅವಳ ಮುಖ ಕಂಡು ಸುಮ್ಮನಾದ. ತಲೆ ತಗ್ಗಿಸಿ ಇಳಿದು ಹೋದ. ಮಾತಾಡದೆ ಹೋದನಲ್ಲ, ಅದೇ ಅವಳಿಗೆ ಸಾಕ್ಷಿಯಾಯಿತು.

ಮರುದಿನ ರಜೆ ಹಾಕಿ, ಆಂಪನ್ನು ಮಗುವಿನ ಹಾಗೆ ತೊಡೆಯ ಮೇಲಿಟ್ಟುಕೊಂಡು ಅವಳು ತೀರ್ಥಹಳ್ಳಿಯ ಬಸ್ಸು ಹತ್ತಿದಳು. ಅಲ್ಲಿ ಉಮಾಮಹೇಶ್ವರ ಭಟ್ಟರೆಂಬ ಹಿರಿಯರು ಈಗಲೂ ವಾಲ್ವ್ ರೇಡಿಯೋ ರಿಪೇರಿ ಮಾಡುತ್ತಿದ್ದರು. ಭಟ್ಟರು ಆಂಪ್ ಬಿಚ್ಚಿ, ಮೂಸಿ, ಟ್ರಾನ್ಸ್‌ಫಾರ್ಮರಿಗೆ ಹೊಸದಾಗಿ ತಂತಿ ಸುತ್ತಬೇಕು, ಎಂಟು ದಿನ ಬೇಕು ಎಂದರು. ಹೇಗಾಯಿತು ಎಂದು ಕೇಳಿದ್ದೇ ತಡ, ತನುಜಾ ಗೌತಮನ ದ್ರೋಹವನ್ನೆಲ್ಲ ಹೇಳಿಕೊಂಡಳು. ಭಟ್ಟರು ಕನ್ನಡಕ ಹಣೆಗೇರಿಸಿದರು.

"ಮುಚ್ಚಳ ಯಾರು ಬಿಗಿದದ್ದು?"

"ನಾನೇ..."

"ಬಿಗಿಯೋ ಮುಂಚೆ ಒಳಗೆ ನೋಡಿದ್ಯಾ?"

ತನುಜಾ ಇಲ್ಲವೆಂದು ತಲೆಯಾಡಿಸಿದಳು.

"ಮರದ ಕೆಲಸದವರು ವೈರಿನ ತುದಿ ಮುಟ್ಟೋದಿಲ್ಲ ಮಗಾ. ತೂತು ಕೊರೆದು, ವೈರು ಎಳೆದು, ಮುಚ್ಚಳ ಬಿಗೀದೆ ಹಾಗೇ ಬಿಟ್ಟು ಹೋಗ್ತಾರೆ. ವೈರಿನ ಕೆಲಸ ಬಲ್ಲವರು ಬಂದು ಸಿಕ್ಕಿಸಿದ ಮೇಲೇ ಬಿಗಿಯೋದು. ಯಾವ ಮನೆ ಕಪಾಟಾದ್ರೂ ಹಾಗೇ. ಅಲ್ಲಿ ವೈರು ಬಲ್ಲವಳು ನೀನೇ ಅಲ್ವಾ?"

ತನುಜಾಳ ಕಿವಿ ಬಿಸಿಯಾಯಿತು. ಕೋಣೆ ನಿಶ್ಶಬ್ದವಾಗಿದ್ದುದಕ್ಕೆ ತಾನು ಆನಂದಬಾಷ್ಪ ಸುರಿಸಿದ್ದು ನೆನಪಾಯಿತು! ಸದ್ದು ಬಾರದಿರಲಿ ಎಂದು ಅಷ್ಟು ಹಂಬಲಿಸಿದವಳಿಗೆ, ಸದ್ದೇ ಇಲ್ಲವಲ್ಲ ಎಂಬ ಅನುಮಾನ ಎಲ್ಲಿಂದ ಬರಬೇಕು? ಅವಳು ನುಡಿಸಲು ಶುರುಮಾಡಿದಾಗ, ವೈರು ಸಿಕ್ಕಿಸಿಯೇ ಮುಚ್ಚಿದ್ದಾಳೆಂದು ಅವನೂ ನಂಬಿದ್ದ. ನೆಲದ ಮೇಲಿನ ಸ್ಕ್ರೂಗಳನ್ನು ಕಂಡ ಕ್ಷಣವೇ ಸತ್ಯ ಅವನಿಗೆ ತಿಳಿದಿತ್ತು. ಆದರೂ ಒಂದು ಮಾತು ಆಡಲಿಲ್ಲ...

ವಾಪಸು ಬರುವಾಗ ಬಸ್ಸು ಹೊಸನಗರದಲ್ಲಿ ನಿಂತಿತು. ಇಲ್ಲೇ ಇಳಿದು ಅಪ್ಪನ ಮನೆಗೆ ಹೋಗಬಹುದಿತ್ತು. ಅಲ್ಲಿ ಮೆಲ್ಲಗೆ ಬದುಕಬಹುದಿತ್ತು, ಯಾರ ಮುಂದೆಯೂ ತಪ್ಪು ಒಪ್ಪಿಕೊಳ್ಳಬೇಕಿರಲಿಲ್ಲ. ತನುಜಾ ಸೀಟು ಬಿಟ್ಟು ಏಳಲಿಲ್ಲ.

ಶೆಡ್ಡಿನಲ್ಲಿ ಗರಗಸದ ಮಷಿನ್ ಓಡುತ್ತಿತ್ತು. ವಿಶಾಲಮ್ಮ ಮಗನಿಗೆ ಕಾಫಿ ತಂದು ನಿಂತಿದ್ದರು. ಎದುರಿನ ಅಂಗಡಿಯಲ್ಲಿ ನಾಲ್ಕು ಜನ ಕೂತಿದ್ದರು. ತನುಜಾ ಮಷಿನ್ ನಿಲ್ಲುವವರೆಗೂ ಕಾಯಲಿಲ್ಲ, ದನಿಯನ್ನೇ ಏರಿಸಿದಳು.

"ಮುಚ್ಚಳ ಹಾಕಿದ್ದು ನಾನು. ಒಳಗೆ ನೋಡದೆ ಹಾಕಿದ್ದೂ ನಾನು. ಸುಟ್ಟಿದ್ದು ನನ್ನ ತಪ್ಪಿಂದ. ನಿಮಗೆ ಅಂದ ಮಾತು ವಾಪಸ್ ತಗೊಳ್ತೀನಿ."

ಗೌತಮ್ ಗಾಬರಿಯಿಂದ ಸ್ವಿಚ್ ಆರಿಸಿದ.

"ನಿನ್ನೆ ಯಾಕೆ ಹೇಳಲಿಲ್ಲ?" ಅವಳು ಬಿಡಲಿಲ್ಲ.

"ನಿಮ್ಮ ವಸ್ತು ಸುಟ್ಟಿತ್ತು... ಮೇಲಿಂದ ತಪ್ಪೂ ನಿಮ್ಮದೇ ಅಂತ ಹೇಳೋಕೆ ಬಾಯಿ ಬರಲಿಲ್ಲ. ನನ್ನ ಮೇಲೇ ಸಿಟ್ಟಿರಲಿ ಬಿಡು ಅಂದ್ಕೊಂಡೆ."

"ಅದನ್ನ ತೀರ್ಮಾನ ಮಾಡೋಕೆ ನೀವ್ಯಾರು? ನನ್ನ ತಪ್ಪು ನಾನೇ ಹೊರ್ತೀನಿ. ನನ್ನ ಎದುರು ಇನ್ಮೇಲೆ ಸುಮ್ಮನಿರಬೇಡಿ."

ವಿಶಾಲಮ್ಮ ಲೋಟ ಕೆಳಗಿಟ್ಟು, ಹುಡುಗಿಯರು ಬೀದಿಗೆ ಕೇಳುವ ಹಾಗೆ ಮಾತಾಡಬಾರದು ಎಂದು ಶುರುಮಾಡಿದರು. ತನುಜಾ ಅವರ ಕಡೆ ತಿರುಗಿದಳು. ಮನೆ ಖಾಲಿ ಮಾಡುವುದಿಲ್ಲ ಎಂದಳು. ಎಂಟು ದಿನ ಬಿಟ್ಟು ಆಂಪ್ ಬರುತ್ತದೆ, ಹತ್ತಕ್ಕಿಟ್ಟು ನುಡಿಸುತ್ತೇನೆ, ಕೆಳಗೆ ಒಂದೇ ಒಂದು ಲೋಟ ಅಲುಗಿದರೂ ಅವತ್ತೇ ಹೊರಡುತ್ತೇನೆ ಎಂದಳು. ಉಸಿರು ತೆಗೆದುಕೊಂಡಳು. ಎದುರಿನ ಅಂಗಡಿಯವರು ಈಗ ಎದ್ದೇ ನಿಂತಿದ್ದರು.

"ಇನ್ನೊಂದು ವಿಷಯ ಆಂಟಿ. ನಿಮ್ಮ ಮಗನ್ನ ನಾನು ಪ್ರೀತಿಸ್ತೀನಿ. ಕದ್ದು ಮುಚ್ಚಿ ಅಲ್ಲ, ನಿಮ್ಮೆದುರಿಗೇ ಹೇಳ್ತಿದ್ದೀನಿ."

ಕಾಫಿ ಆರುತ್ತಿತ್ತು. ಗೌತಮನ ಮುಖ ಕಿವಿಯವರೆಗೂ ಕೆಂಪಾಗಿತ್ತು. ಆ ಮೂಕಪ್ರಾಣಿ ಅಮ್ಮನ ಕಡೆಗೂ ನೋಡದೆ, ಅಂಗಡಿಯವರ ಕಡೆಗೂ ನೋಡದೆ ಬಾಯಿಬಿಟ್ಟ.

"ಪೆಟ್ಟಿಗೆ ಮಾಡಿದ್ದು ಅಮ್ಮನ ಪಾತ್ರೆಗೋಸ್ಕರ ಅಲ್ಲ ತನುಜಾ. ನೀವು ಈ ಮನೆ ಬಿಟ್ಟು ಹೋಗಬಾರದು ಅಂತ ಮಾಡಿದ್ದು."

ಎಂಟು ದಿನ ಕಳೆಯಿತು. ಈ ಸಲ ವೈರನ್ನು ತನುಜಾ ಸಿಕ್ಕಿಸಿದಳು, ಮೈಕ್ ಇಟ್ಟಳು. ಗೌತಮ್ ಇಣುಕಿ ನೋಡಿ ಮುಚ್ಚಳ ಬಿಗಿದ. ವಿಶಾಲಮ್ಮ ಸ್ಟೂಲು ಹಾಕಿಕೊಂಡು ಅಡುಗೆಮನೆಯಲ್ಲಿ ಕೂತರು. ಅರ್ಧ ಗಂಟೆ ಕೂತರು. ಏನೂ ಕೇಳಿಸದಿದ್ದಾಗ, ಹುಡುಗಿ ನುಡಿಸದೆ ಮೋಸ ಮಾಡುತ್ತಿದ್ದಾಳೆಂದು ಮಂಡಿನೋವಿನಲ್ಲೇ ಮಹಡಿ ಹತ್ತಿದರು. ತನುಜಾಳ ಬೆರಳುಗಳು ತಂತಿಗಳ ಮೇಲೆ ಓಡುತ್ತಿದ್ದವು. ವಾಲ್ಯೂಮ್ ಹತ್ತರಲ್ಲಿತ್ತು. ಅವಳು ಹೆಡ್‌ಫೋನ್ ತೆಗೆದು ಅವರ ಕಿವಿಗಿಟ್ಟು, ಈಗಷ್ಟೇ ರೆಕಾರ್ಡ್ ಆದದ್ದನ್ನು ಕೇಳಿಸಿದಳು. ವಿಶಾಲಮ್ಮ ಬೆಚ್ಚಿ ಅದನ್ನು ಕಿತ್ತರು. ಆಮೇಲೆ ತಾವೇ ಮತ್ತೆ ಹಾಕಿಕೊಂಡು, ಕೊನೆಯವರೆಗೂ ಕೇಳಿದರು.

"ಮಾತುಕತೆಗೆ ನಿಮ್ಮನೆಯಿಂದ ಯಾರು ಬರ್ತಾರೆ?" ಎಂದರು, ಹೆಡ್‌ಫೋನ್ ಹಿಂದಿರುಗಿಸುತ್ತ.

"ನಾನೇ ಬಂದಿದ್ದೀನಲ್ಲ ಆಂಟಿ."

ವಿಶಾಲಮ್ಮ ಅವಳನ್ನು ಮೇಲಿಂದ ಕೆಳಗೆ ನೋಡಿದರು. ಅಪ್ಪ ಅಮ್ಮನಿಗೊಂದು ಫೋನಾದರೂ ಮಾಡು ಎಂದು ಗೊಣಗುತ್ತ ಮೆಟ್ಟಿಲಿಳಿದರು. ಅವರ ಗೊಣಗಾಟ ಹಿತ್ತಲು ದಾಟಿ ಬೀದಿಯವರೆಗೂ ಕೇಳಿಸಿತು.

ಕೋಣೆಯಲ್ಲಿ ಇಬ್ಬರೇ ಉಳಿದರು. ಗೌತಮ್ ಅವಳ ಪಕ್ಕದಲ್ಲಿ ನೆಲದ ಮೇಲೆ ಕೂತು, ತಂತಿ ಒತ್ತಿ ಕೆಂಪಾಗಿದ್ದ ಅವಳ ಬೆರಳ ತುದಿಗಳನ್ನು ತನ್ನ ಅಂಗೈಯಲ್ಲಿ ತೆಗೆದುಕೊಂಡ.

"ಅವತ್ತು ಅಷ್ಟು ಜನರ ಮುಂದೆ ಹೇಳಿದ್ಯಲ್ಲ... ಹೆದರಿಕೆ ಆಗ್ಲಿಲ್ವಾ?"

"ಆಯ್ತು," ಎಂದಳು ತನುಜಾ. "ಅದಕ್ಕೇ ಜೋರಾಗಿ ಹೇಳಿದ್ದು."