ಮೇ ತಿಂಗಳ ಸ್ವೆಟರ್

ಮೇ ತಿಂಗಳಲ್ಲಿ ಸ್ವೆಟರ್ ಹಾಕಿಕೊಂಡ ಗಂಡಸನ್ನು ಯಾವ ಹುಡುಗಿ ತಾನೇ ನಂಬುತ್ತಾಳೆ ಹೇಳಿ?

ಅದರಲ್ಲೂ ತನುಶ್ರೀ. ಕುಣಿಗಲ್ ಕಡೆಯ ಹಾಲಿನ ಡೇರಿಯಲ್ಲಿ ಅವಳ ಕೆಲಸವೇ ಅನುಮಾನ ಪಡುವುದು. ಯಾರೇ ಕ್ಯಾನ್ ತಂದಿಟ್ಟರೂ ಮೊದಲು ಚೆನ್ನಾಗಿ ಕಲಕಬೇಕು, ಆಮೇಲೆ ಥರ್ಮಾಮೀಟರ್ ಇಳಿಬಿಡಬೇಕು. ಕಲಕದೆ ಅಳೆದರೆ ಮೇಲಿನದು ಒಂದು ಹೇಳುತ್ತದೆ, ತಳದ್ದು ಇನ್ನೊಂದು. ಹಾಲಿನ ವಿಷಯದಲ್ಲಿ ಇಷ್ಟು ಜೋಪಾನವಾಗಿದ್ದವಳು ಅಂಜನ್‌ಕುಮಾರ್ ವಿಷಯದಲ್ಲಿ ಮಾತ್ರ ಎಡವಿಬಿಟ್ಟಳು.

ಅಂಜನ್ ಗುಬ್ಬಿಯವನು. ಅಂಡಮಾನಿನ ಸಮುದ್ರದಲ್ಲಿ ಮುಳುಗಿ, ಹವಳದ ದಿಬ್ಬಗಳ ಸುತ್ತ ನೀರಿನ ಟೆಂಪರೇಚರ್ ಅಳೆಯುವುದು ಅವನ ಉದ್ಯೋಗ. ದೇವರಾಯನದುರ್ಗದಲ್ಲಿ ಎರಡೂ ಮನೆಯವರು ಸೇರಿ ಹುಡುಗ ಹುಡುಗಿಯನ್ನು ಭೇಟಿ ಮಾಡಿಸಿದ ದಿನ, ಮೆಟ್ಟಿಲು ಇಳಿಯುತ್ತಾ "ನಿಮ್ಮ ಕೈಲೂ ಥರ್ಮಾಮೀಟರ್, ನನ್ನ ಕೈಲೂ ಥರ್ಮಾಮೀಟರ್" ಅಂದು ಓರೆಗಣ್ಣಲ್ಲಿ ನಕ್ಕಿದ್ದ. ಆ ನಗು ತುಮಕೂರಿನ ಮರಳೂರಿನಲ್ಲಿದ್ದ ಅವಳ ಮನೆಯ ತನಕ ಜೊತೆಗೇ ಬಂದಿತ್ತು.

ಆಮೇಲೆ ಬಂತು ನೋಡಿ, ಆ ವಿಡಿಯೋ ಕಾಲ್. ತುಮಕೂರು ಬಿಸಿಲಿಗೆ ಬೇಯುತ್ತಿತ್ತು. ಅಂಜನ್ ಮಾತ್ರ ದಪ್ಪ ಸ್ವೆಟರಿನೊಳಗೆ ಗಡಗಡ ನಡುಗುತ್ತಿದ್ದ. "ಸಮುದ್ರ ಇದ್ದಕ್ಕಿದ್ದಂಗೆ ತಣ್ಣಗಾಗ್ಬಿಡ್ತು ತನುಶ್ರೀ" ಅಂದ. ಅವಳು "ಹೌದಾ" ಅಂದು ಕಟ್ ಮಾಡಿದಳು.

ಪಕ್ಕದಲ್ಲಿ ಕೂತಿದ್ದ ಸೋದರಮಾವ ಅನಂತರಾಜು ತೀರ್ಪು ಕೊಟ್ಟೇಬಿಟ್ಟ. "ಅಂಡಮಾನೂ ಇಲ್ಲ, ಮಣ್ಣೂ ಇಲ್ಲ. ಊಟಿಲಿ ಅವ್ನೆ ಕಣಮ್ಮ. ಒಬ್ನೇ ಇರಲ್ಲ ಬುಡು."

ಆ ಕೊನೆಯ ಮಾತು ಅವಳ ಎದೆಗೆ ನಾಟಿತು. ಅಂದಿನಿಂದ ಅವನು ಕಳಿಸಿದ ಒಂದೊಂದು ಫೋಟೋವನ್ನೂ ಜೂಮ್ ಮಾಡಿ ನೋಡಿದ್ದೇ ನೋಡಿದ್ದು. ಹಿಂದೆ ಕಾಣುವ ಮರ ತೆಂಗೋ, ನೀಲಗಿರಿಯೋ? ತೆಂಗೇ ಅನ್ನಿಸಿದರೂ ಮನಸ್ಸು ಒಪ್ಪಲಿಲ್ಲ. ಹಳೇ ಫೋಟೋ ಇರಬಹುದಲ್ಲ!

ಜೂನಿನಲ್ಲಿ ಅಂಜನ್ ರಜೆಗೆ ಬಂದ. ಇವತ್ತು ಸಂಜೆಯೊಳಗೆ ಅವಳು ಹೂಂ ಅನ್ನಬೇಕು, ಇಲ್ಲವೇ ಸಂಬಂಧ ಕೈಬಿಡಬೇಕು. ಬೇಡ ಅನ್ನಲು ಬಾಯಿ ಬರುತ್ತಿಲ್ಲ, ಹೂಂ ಅನ್ನಲು ಧೈರ್ಯ ಬರುತ್ತಿಲ್ಲ. ಅದಕ್ಕೇ ಅವನನ್ನು ನೇರ ಡೇರಿಗೇ ಕರೆಸಿಕೊಂಡಿದ್ದಳು.

"ಬಿಸ್ಲು ಬೀಳೋದು ಸಮುದ್ರದ ಮೇಲೆ. ಮೇ ತಿಂಗಳಲ್ಲಿ ತಣ್ಣೀರು ಎಲ್ಲಿಂದ ಬಂತು? ಯಾರಾದ್ರೂ ಐಸ್ ಸುರಿದ್ರಾ?" ಥರ್ಮಾಮೀಟರ್ ಒರೆಸುತ್ತಾ, ಅವನ ಮುಖ ನೋಡದೆ ಕೇಳಿದಳು.

"ತಳದಿಂದ."

"ತಣ್ಣಂದು ತಳದಲ್ಲೇ ಇರುತ್ತೆ. ದಿನಾ ನೋಡ್ತೀನಿ. ಸುಮ್‌ಸುಮ್ನೆ ಮೇಲಕ್ಕೆ ಎದ್ದು ಬರಲ್ಲ."

ಅಂಜನ್ ಹಾಲಿನ ಕೂಲರ್ ಕಡೆ ಕೈ ತೋರಿಸಿದ. "ಇದ್ರಲ್ಲಿ ಹೆಂಗೆ ಬರುತ್ತೆ?"

ತನುಶ್ರೀ ಸ್ವಿಚ್ ಒತ್ತಿದಳು. ಒಳಗಿನ ರೆಕ್ಕೆ ತಿರುಗಿ ಹಾಲು ಕಲಕತೊಡಗಿತು. ಅವಳು ಹಾಲಿನ ಮೇಲ್ಗಡೆ ಅದ್ದಿ ಹಿಡಿದಿದ್ದ ಥರ್ಮಾಮೀಟರಿನ ಅಂಕಿ ಮೆಲ್ಲಗೆ ಇಳಿಯಿತು.

"ಅಲ್ಲಿ ಅಲೆ ಈ ಕೆಲ್ಸ ಮಾಡುತ್ತೆ" ಅಂದ ಅಂಜನ್. "ಮೇಲೆ ಕಾಣೋ ಅಲೆ ಅಲ್ಲ. ನೀರಿನ ಒಳಗೊಳಗೇ ಓಡೋ ದೊಡ್ಡ ಅಲೆ. ತಳದ ತಣ್ಣೀರನ್ನ ಎತ್ತಿ ಹವಳದ ಮೇಲೆ ತರುತ್ತೆ."

"ಸಮುದ್ರ ತಣ್ಣಗಾಗಿರಬಹುದು. ನೀವು ಅಲ್ಲಿದ್ರಿ ಅಂತ ಏನು ಗ್ಯಾರಂಟಿ? ನೇರವಾಗಿ ಕೇಳ್ತೀನಿ. ಊಟಿಲಿ ಯಾರ ಜೊತೆ ಇದ್ರಿ?"

"ಊಟಿನಾ?" ಪಾಪ, ಅಂಜನ್ ಕಣ್ಣು ಕಣ್ಣು ಬಿಟ್ಟ. ನಗಲು ಹೋದವನು ಅವಳ ಕಣ್ಣು ತುಂಬಿದ್ದು ಕಂಡು ನಗು ನುಂಗಿಕೊಂಡ. ನಿಧಾನವಾಗಿ ಶರ್ಟಿನ ತೋಳು ಮಡಿಚಿದ. ಮೊಣಕೈಯಿಂದ ಮಣಿಕಟ್ಟಿನವರೆಗೆ ಇನ್ನೂ ಪೂರ್ತಿ ಮಾಯದ ತರಚುಗಾಯ.

"ಸೆಳವಿಗೆ ಸಿಕ್ಕಿ ಹವಳಕ್ಕೆ ಉಜ್ಜಿದ್ದು. ಬಿಸಿ ತಡೀಲಾರ್ದೆ ಹವಳ ಎಲ್ಲಾ ಬಿಳುಚ್ಕೊಂಡಿತ್ತು ರೀ. ಹಂಗೇ ಮುಂದುವರಿದಿದ್ರೆ ಸತ್ತೋಗ್ತಿತ್ತು. ಆಗ ಬಂತು ಆ ತಣ್ಣೀರು. ಮೈ ಕೊರೀತಿದ್ರೂ ಮೇಲಕ್ಕೆ ಬರೋಕೆ ಮನಸಾಗ್ಲಿಲ್ಲ. ದಡಕ್ಕೆ ಬಂದವನೇ ಸ್ವೆಟರ್ ಸಿಕ್ಕಿಸ್ಕೊಂಡು, ಈ ಖುಷಿ ಮೊದ್ಲು ನಿಮಗೇ ಹೇಳ್ಬೇಕು ಅಂತ ಕಾಲ್ ಮಾಡ್ದೆ." ಆಮೇಲೆ ಸಣ್ಣ ದನಿಯಲ್ಲಿ ಅಂದ. "ನೀವು ಹೌದಾ ಅಂದು ಇಟ್‌ಬಿಟ್ರಿ."

ತನುಶ್ರೀಗೆ ನಾಚಿಕೆಯಾಯಿತು. ಒಬ್ಬನು ತನ್ನ ಖುಷಿಯನ್ನು ಬಿಸಿಬಿಸಿಯಾಗಿ ಅವಳ ಕೈಗೆ ಕೊಡಲು ಬಂದಿದ್ದ. ಅವಳು ಸ್ವೆಟರ್ ಮಾತ್ರ ನೋಡಿ, ಕಲಕದೆಯೇ ಕ್ಯಾನ್ ವಾಪಸ್ ಕಳಿಸಿಬಿಟ್ಟಿದ್ದಳು.

"ತಪ್ಪಾಯ್ತು. ಮುಂದಿನ ಸಲ ಕಟ್ ಮಾಡಲ್ಲ."

"ಮುಂದಿನ ಸಲ ಅಂತ ಒಂದು ಇದ್ಯಾ?" ಅದೇ ಓರೆಗಣ್ಣ ನಗು.

ಅವಳು ಉತ್ತರ ಕೊಡುವ ಮೊದಲೇ ಫೋನ್ ಹೊಡೆದುಕೊಂಡಿತು. ಅನಂತರಾಜು.

"ಏನಾಯ್ತಮ್ಮ? ಊಟಿನೇ ತಾನೆ?"

"ಅಲ್ಲ ಮಾವ, ಸಮುದ್ರನೇ. ನಂಗೆ ಒಪ್ಪಿಗೆ."

"ಸರ್ಯಾಗಿ ನೋಡ್ದೇನಮ್ಮ?"

ತನುಶ್ರೀ ಅಂಜನ್‌ನ ತರಚಿದ ತೋಳಿನ ಮೇಲೆ ಹಗುರವಾಗಿ ಬೆರಳಿಟ್ಟಳು.

"ಕಲಕಿ ನೋಡಿದೀನಿ ಮಾವ" ಅಂದಳು.