ಇಬ್ಬರಿಗೆ ಒಂದೇ ಚೆಂಡು

ಚೆಂಡು ಮತ್ತೆ ಬಲಕ್ಕೇ ಹೋಯಿತು.

ಗಾಲ್ಫ್ ಸಾಮಾನಿನ ಅಂಗಡಿಯ ಹಿಂಭಾಗದಲ್ಲಿ ಹಸಿರು ಕಾರ್ಪೆಟ್ ಹಾಸಿ, ತುದಿಯಲ್ಲಿ ಲೋಟದ ಬಾಯಿಯಷ್ಟಗಲದ ಒಂದು ಗುಳಿ ಮಾಡಿದ್ದರು. ಕೊಳ್ಳುವವರು ಅಲ್ಲಿ ನಿಂತು, ಪಟರ್ ಹಿಡಿದು ಚೆಂಡನ್ನು ಗುಳಿಯ ಕಡೆಗೆ ಮೆಲ್ಲಗೆ ತಳ್ಳಿ, ಕೋಲು ಕೈಗೆ ಒಗ್ಗುತ್ತದೋ ಇಲ್ಲವೋ ನೋಡಬಹುದಿತ್ತು. ಅಗಲ ಮೂತಿಯದು, ಸಣ್ಣ ಮೂತಿಯದು, ಬೆಕ್ಕಿನ ತಲೆಯಂತೆ ದುಂಡಗಿರುವುದು, ಎಲ್ಲವನ್ನೂ ಅವಳು ಹಿಡಿದು ನೋಡಿದ್ದಳು. ಎಲ್ಲದರದೂ ಒಂದೇ ಹಣೆಬರಹ. ಕೊನೆಗೆ ಚೀಲದಿಂದ ತನ್ನ ಹಳೆಯ ಪಟರನ್ನೇ ತೆಗೆದಳು. ಅದೂ ಬಲಕ್ಕೇ.

"ಅದು ಪಟರಿನ ತಪ್ಪಲ್ಲ," ಎಂದಿತು ಹಿಂದಿನಿಂದ ಒಂದು ದನಿ.

ತಿರುಗಿದಳು. ಚೆಂಡಿನ ಡಬ್ಬಿಗಳನ್ನು ತೊಡೆಯ ಮೇಲಿಟ್ಟುಕೊಂಡು ಸ್ಟೂಲಿನ ಮೇಲೆ ಕೂತ ಗಂಡಸು. ಕನ್ನಡಕ ಹಣೆಗೇರಿತ್ತು, ಕಿವಿಯ ಪಕ್ಕ ಕೂದಲು ಬೆಳ್ಳಗಾಗಲು ಅನುಮತಿ ಕೇಳುತ್ತಿರುವ ಹಾಗಿತ್ತು.

"ಹಾಗಾದ್ರೆ ನನ್ನ ತಪ್ಪಾ?"

"ನಿಮ್ಮದೂ ಅಲ್ಲ. ಕಣ್ಣಿಂದು."

"ಕಣ್ಣು ನನ್ನದೇ ತಾನೆ?"

ಅವನು ನಕ್ಕ. "ಅದೂ ಹೌದು. ಕ್ಷಮಿಸಿ. ಎದುರು ರಸ್ತೇಲಿ ನಂದು ಕನ್ನಡಕದ ಅಂಗಡಿ. ಯಾರನ್ನ ನೋಡಿದ್ರೂ ಮೊದಲು ಕಣ್ಣೇ ಕಾಣ್ಸತ್ತೆ."

"ನಂಗೆ ಹಲ್ಲು ಕಾಣ್ಸತ್ತೆ. ನಾನು ಹಲ್ಲಿನ ಡಾಕ್ಟರು. ಆಗಿನಿಂದ ಆ ಚ್ಯೂಯಿಂಗ್ ಗಮ್ಮನ್ನ ಎಡಗಡೇನೇ ಅಗೀತಿದೀರಿ. ಬಲಗಡೆ ದವಡೆ ಹಲ್ಲು ತೋರಿಸ್ಕೊಳ್ಳಿ."

ಅವನು ಅಗಿಯುವುದನ್ನು ನಿಲ್ಲಿಸಿದ. "ನಾನು ಕೇಳಲಿಲ್ಲವಲ್ಲ?"

"ನಾನೂ ಕೇಳಿರಲಿಲ್ಲ."

ಕೌಂಟರಿನಲ್ಲಿದ್ದ ಅಂಗಡಿಯ ಯಜಮಾನರು ತಲೆ ಎತ್ತದೆಯೇ ಹೇಳಿದರು, "ಮುಗೀತು. ಕಣ್ಣಿಗೆ ಕಣ್ಣು, ಹಲ್ಲಿಗೆ ಹಲ್ಲು."

ಮೂವರೂ ನಕ್ಕರು. ನಕ್ಕ ಮೇಲೆ ಸಿಟ್ಟು ನಿಲ್ಲುವುದು ಕಷ್ಟ. ಅವಳೇ ಕೇಳಿದಳು, "ಸರಿ, ಕಣ್ಣಿಂದೇನು? ತೋರಿಸಿ."

ಅವನು ಎದುರಿಗೆ ಬಂದು ನಿಂತ. ಎರಡೂ ಕೈ ಮುಂದೆ ಚಾಚಿ, ಅಂಗೈಗಳನ್ನು ಒಂದರ ಮೇಲೊಂದು ಜೋಡಿಸಿ, ನಡುವೆ ಸಣ್ಣ ಕಿಂಡಿ ಬಿಡಲು ಹೇಳಿದ. "ಎರಡೂ ಕಣ್ಣು ಬಿಟ್ಟು ಆ ಕಿಂಡಿಯಿಂದ ನನ್ನ ಮೂಗು ನೋಡಿ."

ನೋಡಿದಳು. ಅಂಗಡಿ, ಕೋಲುಗಳ ಸಾಲು, ಬೀದಿಯ ಸದ್ದು ಎಲ್ಲ ಕೈಯ ಆಚೆಗೆ ಉಳಿದು, ಕಿಂಡಿಯಲ್ಲಿ ಒಂದು ಮೂಗು ಮಾತ್ರ ಉಳಿಯಿತು. ಕೈ ಒಂದಿಷ್ಟು ಅಲುಗಿದಾಗ ಮೂಗಿನ ಬದಲು ಕಣ್ಣು ಬಂತು. ಕಂದು ಬಣ್ಣದ ಕಣ್ಣು. ಅದೂ ಅವಳನ್ನೇ ನೋಡುತ್ತಿತ್ತು. ಕೈಯನ್ನು ಮತ್ತೆ ಮೂಗಿಗೆ ತರಬೇಕಿತ್ತು. ತರಲಿಲ್ಲ.

"ಇಲ್ಲಿಂದ ನಂಗೆ ನಿಮ್ಮ ಎಡಗಣ್ಣು ಮಾತ್ರ ಕಾಣ್ತಿದೆ," ಎಂದ ಅವನು, ಸ್ವಲ್ಪ ತಡವಾಗಿ. "ಗುರಿ ಇಡೋದು ಆ ಕಣ್ಣೇ. ಅದು ಚೆಂಡಿನ ನೇರಕ್ಕೆ ಬರಬೇಕು. ನಿಮ್ಮ ಕೋಲು ಉದ್ದ, ಚೆಂಡಿನಿಂದ ದೂರ ನಿಲ್ತೀರಿ. ಅದಕ್ಕೇ..." ಅಲ್ಲಿಗೆ ಬಾಯಿ ಮುಚ್ಚಿದ. "ಕೋಲಿನ ವಿಷಯ ನೀವು ಕೇಳಲಿಲ್ಲ."

ಕೋಲು ಉದ್ದವಿದ್ದುದಕ್ಕೆ ಕಾರಣವಿತ್ತು. ಅದು ಅವಳ ಗಂಡನಾಗಿದ್ದವನದು. ಇಬ್ಬರೂ ಬೇರೆಯಾದಾಗ ಆ ಎತ್ತರದ ಮನುಷ್ಯ ಅಟ್ಟದ ಮೇಲೆ ಗಾಲ್ಫ್ ಚೀಲ ಬಿಟ್ಟು ಹೋಗಿದ್ದ. ಕೆಟ್ಟವನೇನಲ್ಲ. ಪರದೆಯ ಬಣ್ಣ, ಕ್ಲಿನಿಕ್ಕಿನ ಬೋರ್ಡಿನ ಅಕ್ಷರ, ಅವಳ ಕೂದಲಿನ ಉದ್ದ ಎಲ್ಲವನ್ನೂ ತಾನೇ ಗೊತ್ತು ಮಾಡಿ, "ನಿನ್ನ ಒಳ್ಳೇದಕ್ಕೇ" ಎನ್ನುತ್ತಿದ್ದವನು. ಆ ಮಾತು ಕೇಳಿದರೆ ಈಗಲೂ ಅವಳ ಕಿವಿ ಬಿಸಿಯಾಗುತ್ತಿತ್ತು. ಯಾರೂ ಹೇಳದೆ ಅವಳು ತಾನಾಗಿ ಕಲಿತದ್ದು ಈ ಆಟ ಒಂದೇ. ಅದನ್ನು ಕೆಡಿಸಿಕೊಳ್ಳಲು ಅವಳಿಗೆ ಇಷ್ಟವಿರಲಿಲ್ಲ.

ಜೋಡಿ ಮಾಡಿದವರು ಅಂಗಡಿಯ ಯಜಮಾನರು. ಮೈದಾನದಲ್ಲಿ ಹವ್ಯಾಸಿಗಳ ಜೋಡಿ ಪಂದ್ಯವಿತ್ತು: ಒಬ್ಬ ಗಂಡಸು, ಒಬ್ಬ ಹೆಂಗಸು, ಇಬ್ಬರಿಗೆ ಒಂದೇ ಚೆಂಡು. ಒಂದು ಹೊಡೆತ ಇವರದಾದರೆ ಮುಂದಿನದು ಅವರದು. "ನಿಮಗೂ ಜೋಡಿ ಇಲ್ಲ, ಅವರಿಗೂ ಇಲ್ಲ. ಪಂದ್ಯಕ್ಕೆ ಹೇಳ್ದೆ," ಎಂದು ಅವರು ಮುಖ ಗಂಭೀರವಾಗಿಟ್ಟುಕೊಂಡೇ ಹೇಳಿದರು.

ಹಾಗಾಗಿ ಮೊದಲ ಜಗಳ ಚೆಂಡಿನ ಮೇಲೆ ಆಯಿತು. ಅವನಿಗೆ ದೂರ ಹಾರುವ ಗಟ್ಟಿ ಚೆಂಡು ಬೇಕು. ಅವಳಿಗೆ ಗುಳಿಯ ಹತ್ತಿರ ಹೇಳಿದ ಮಾತು ಕೇಳುವ ಮೆತ್ತನೆಯದು. ಮೈದಾನದಲ್ಲಿ ಎರಡು ಜಾತಿಯ ಚೆಂಡನ್ನೂ ಒಂದೇ ಜಾಗದಿಂದ ಹೊಡೆದು ನೋಡಿದರು. ಅವನು ಚೆಂಡು ಹಾರುವುದನ್ನು ಕೈ ಅಡ್ಡ ಹಿಡಿದು ನೋಡುತ್ತಿದ್ದ. ಅವಳು ಕಣ್ಣು ಮುಚ್ಚಿಕೊಂಡು, ಚೆಂಡು ಕೋಲಿಗೆ ತಾಗುವ ಸದ್ದು ಕೇಳುತ್ತಿದ್ದಳು.

"ಇದು ಗಟ್ಟಿ ಹಲ್ಲು ತಟ್ಟಿದ ಸದ್ದು," ಎಂದಳು. "ನನ್ನದು ಕೇಳಿ, ಟಪ್ ಅನ್ನತ್ತೆ."

"ದೂರ ಹೋಗೋದು ಬೇಡ್ವಾ ಹಾಗಾದ್ರೆ?"

"ಹೋಗಿದ್ದು ಎಲ್ಲಾದ್ರೂ ನಿಲ್ಲಬೇಕಲ್ಲ."

ಅವನ ಗಟ್ಟಿ ಚೆಂಡು ಗುಳಿಯ ಸುತ್ತ ನುಣ್ಣಗೆ ಕತ್ತರಿಸಿದ ಹುಲ್ಲಿನ, ಅಂದರೆ ಗ್ರೀನಿನ, ಮೇಲೆ ಬಿದ್ದು, ಪುಟಿದು, ಆಚೆಯ ಮರಳಿಗೆ ಇಳಿಯಿತು. ಅವಳದು ಬಿದ್ದಲ್ಲೇ ಎರಡು ಹೆಜ್ಜೆ ಉರುಳಿ ಕೂತಿತು. ಅವನು ಮರಳಿನಿಂದ ಚೆಂಡು ಹೆಕ್ಕಿ, ಅಂಗಿಗೆ ಒರೆಸಿ, ಜೇಬಿಗೆ ಹಾಕಿಕೊಂಡ. "ಮೆತ್ತಂದೇ ಆಗ್ಲಿ."

ಸೋತದ್ದಕ್ಕೆ ಅವನು ಮುಖ ಸಣ್ಣ ಮಾಡಲಿಲ್ಲ. ಅದನ್ನು ಅವಳು ಗಮನಿಸಿದಳು.

ಮೆತ್ತನೆಯ ಚೆಂಡುಗಳಲ್ಲೂ ಒಳ್ಳೆಯದನ್ನು ಆರಿಸಬೇಕಲ್ಲ. ಅವನು ಅವಳ ಮನೆಯ ಅಡುಗೆಮನೆಗೆ ಉಪ್ಪಿನ ಪೊಟ್ಟಣ ಹಿಡಿದು ಬಂದ. ದಪ್ಪ ಉಪ್ಪುನೀರಿನಲ್ಲಿ ಚೆಂಡು ತೇಲುತ್ತದೆ. ಒಂದು ಪಕ್ಕ ಭಾರವಿದ್ದರೆ ಆ ಪಕ್ಕ ಕೆಳಗಾಗುತ್ತದೆ. ಎಷ್ಟು ಸಲ ತಿರುಗಿಸಿದರೂ ಅದೇ ಪಕ್ಕ ಮೇಲೆ ಬಂದರೆ ಅಂಥ ಚೆಂಡು ನೇರ ಉರುಳುವುದಿಲ್ಲ.

ಅವಳ ಜೊತೆಗಿದ್ದ ಸೋದರತ್ತೆ, ಅಂದರೆ ಅಪ್ಪನ ತಂಗಿ, ಪಾತ್ರೆಯೊಳಗೆ ಇಣುಕಿದರು. "ಏನಪ್ಪಾ, ಮೊಟ್ಟೆ ಬೇಯ್ಸೋಕೆ ಇಬ್ಬರು ಬೇಕಾ?"

"ಚೆಂಡು ಅತ್ತೆ. ಭಾರ ಯಾವ ಕಡೆ ಇದೆ ಅಂತ ನೋಡ್ತಿದೀವಿ," ಎಂದಳು ಅವಳು.

"ಗಂಡು ನೋಡೋವಾಗ ಇಷ್ಟು ನೋಡಿದ್ರೆ ಆಗ್ತಿತ್ತು," ಎಂದು ಅತ್ತೆ ನಡುಮನೆಗೆ ನಡೆದರು.

ಇಬ್ಬರ ಕಿವಿಯೂ ಕೆಂಪಾಯಿತು. ಇಬ್ಬರೂ ನೀರಿನಲ್ಲಿ ತಿರುಗುತ್ತಿದ್ದ ಚೆಂಡನ್ನೇ ನೋಡಿದರು. ಒಂದೇ ಚೆಂಡನ್ನು ತಿರುಗಿಸಲು ಇಬ್ಬರ ಬೆರಳೂ ನೀರಿಗಿಳಿದು, ತಾಗಿ, ಹಿಂದೆ ಸರಿದವು. ಆ ಚೆಂಡು ಒಮ್ಮೆ ಒಂದು ಪಕ್ಕ, ಒಮ್ಮೆ ಇನ್ನೊಂದು ಪಕ್ಕ ತೋರಿಸಿ ನಿಂತಿತು. ಅದನ್ನೇ ಆರಿಸಿ, ಮೇಲೆ ಒಂದು ಕೆಂಪು ಚುಕ್ಕೆ ಇಟ್ಟರು.

ಅವನು ಹೋದ ಮೇಲೆ ಅತ್ತೆ ಹೇಳಿದರು, "ಪಾತ್ರೆ ತೊಳೆದು ಬೋರಲು ಹಾಕಿ ಹೋಗಿದಾನೆ, ನೋಡ್ದ್ಯಾ?"

ಅವಳು ನೋಡಿದ್ದಳು.

ಪಂದ್ಯ ಹತ್ತಿರ ಬಂದಾಗ ಅವಳ ಪಟರಿನ ರಬ್ಬರ್ ಹಿಡಿ ಸವೆದು ಜಾರತೊಡಗಿತು. "ಹೊಸ ಹಿಡಿ ಹಾಕಿ ತರ್ತೀನಿ, ಕೊಡಿ," ಎಂದು ಅವನು ಒಯ್ದ. ಎರಡನೆಯ ದಿನ ಅಭ್ಯಾಸದ ಗ್ರೀನಿನಲ್ಲಿ ಅದನ್ನು ಅವಳ ಕೈಗಿಟ್ಟ.

ಅವಳು ಚೆಂಡು ತಳ್ಳಿದಳು. ನೇರ ಹೋಗಿ ಗುಳಿಗೆ ಬಿತ್ತು. ಇನ್ನೊಂದು ತಳ್ಳಿದಳು. ಅದೂ ಬಿತ್ತು. ಎಂದೂ ಇಲ್ಲದ ಸಂತೋಷದಿಂದ ತಲೆ ಎತ್ತಿ ಅವನನ್ನು ನೋಡಿದಳು. ಅವನೂ ಮಗುವಿನ ಹಾಗೆ ನಗುತ್ತಿದ್ದ. ಆಗ ಅವಳ ನೋಟ ಕೋಲಿನ ತುದಿಗೆ ಹೋಯಿತು. ಹೊಟ್ಟೆಗೆ ಚುಚ್ಚುತ್ತಿದ್ದ ಕೋಲು ಈಗ ಚುಚ್ಚುತ್ತಿರಲಿಲ್ಲ.

"ಕತ್ತರಿಸಿದ್ರಾ?"

"ಎರಡು ಬೆರಳಷ್ಟೇ. ಹಿಡಿ ತೆಗೆದಿದ್ದೆ, ಹೇಗೂ ಉದ್ದ ಇತ್ತು... ನಿಮ್ಮ ಒಳ್ಳೇದಕ್ಕೇ..."

ಅವಳ ಮುಖದಲ್ಲಿದ್ದ ಬೆಳಕು ಆರಿತು. ಸಿಟ್ಟು ಬಂದಾಗ ಅವಳ ದನಿ ತಗ್ಗುತ್ತಿತ್ತು. "ನನ್ನ ಉದ್ದ ಎಷ್ಟು, ಒಳ್ಳೇದು ಎಷ್ಟು ಅಂತ ಗೊತ್ತು ಮಾಡೋಕೆ ಮನೇಲೊಬ್ರಿದ್ರು. ಅವರಿಂದ ಬೇರೆ ಆಗಿದೀನಿ. ಪಂದ್ಯಕ್ಕೆ ಬೇರೆ ಯಾರನ್ನಾದ್ರೂ ನೋಡ್ಕೊಳ್ಳಿ."

ಪಟರನ್ನು ಹುಲ್ಲಿನ ಮೇಲೆ ಮೆಲ್ಲಗೆ ಮಲಗಿಸಿ ಹೊರಟಳು. ಎಸೆದಿದ್ದರೆ ಅವನಿಗೆ ಅಷ್ಟು ನೋಯುತ್ತಿರಲಿಲ್ಲ.

ಮನೆಯಲ್ಲಿ ಅತ್ತೆ ಕಥೆಯನ್ನು ಪೂರ್ತಿ ಕೇಳಿದರು. "ಕೆಲಸ ಕೆಟ್ಟಿದ್ಯಾ?"

"ಕೆಟ್ಟಿಲ್ಲ. ಅದಕ್ಕೇ ಇನ್ನೂ ಸಿಟ್ಟು."

"ಪುಟ್ಟೀ, ಹೋದ ತಿಂಗಳು ಕನ್ನಡಕದ ಗಾಜು ಒರೆಸಿಕೊಡು ಅಂತ ಅವನ ಅಂಗಡಿಗೆ ಹೋಗಿದ್ದೆ. ಕೈಗೆ ತಗೊಂಡವನೇ ಕಡ್ಡಿ ಬಗ್ಗಿಸಿ ಕೊಟ್ಟ. ಕಿವಿ ಹಿಂದೆ ಗಾಯ ಆಗಿದ್ದು ನಾನು ಹೇಳೇ ಇರ್ಲಿಲ್ಲ. ಅವನ ಕೈ ಅಭ್ಯಾಸ ಅದು. ಕನ್ನಡಕ ಯಾರದ್ದೇ ಆಗ್ಲಿ, ನೆಟ್ಟಗೆ ಕೂರದೇ ಇದ್ರೆ ಸುಮ್ಮನಿರಕ್ಕಾಗಲ್ಲ."

"ಆದ್ರೂ ಕೇಳಬೇಕಿತ್ತು ಅತ್ತೆ."

"ಕೇಳಬೇಕಿತ್ತು. ನಾನೇನು ಇಲ್ಲ ಅಂದ್ನಾ?"

ಆ ವಾರದ ಕೊನೆಗೆ ಕ್ಲಿನಿಕ್ಕಿನ ಕಡೆಯ ರೋಗಿಯಾಗಿ ಅವನೇ ಬಂದ. ಬಲಗೆನ್ನೆ ಊದಿತ್ತು. ಕಂಕುಳಲ್ಲಿ ಪಟರ್ ಇತ್ತು.

"ಎಷ್ಟಿತ್ತೋ ಅಷ್ಟೇ ಮಾಡಿದೀನಿ," ಎಂದು ಮುಂದೆ ಹಿಡಿದ. ಕೋಲಿನ ಟೊಳ್ಳು ಕೊಳವೆಯೊಳಗೆ ಮರದ ಗೂಟ ಕೂರಿಸಿ, ಕತ್ತರಿಸಿದ ತುಂಡನ್ನು ಮತ್ತೆ ಜೋಡಿಸಿ, ಮೇಲೆ ಕಪ್ಪು ದಾರ ಸುತ್ತಿದ್ದ. ಕಾಲು ಮುರಿದವರಿಗೆ ಕಟ್ಟು ಹಾಕಿದ ಹಾಗಿತ್ತು. "ಅಂದವಾಗಿಲ್ಲ. ಆದ್ರೆ ನಿಮ್ಮದೇ ಉದ್ದ."

ಅವಳು ಅದನ್ನು ಗೋಡೆಗೆ ಒರಗಿಸಿಟ್ಟು ಕುರ್ಚಿ ತೋರಿಸಿದಳು. ಮಾಸ್ಕ್ ಏರಿಸಿದಳು.

"ಮೊದಲು ಸೂಜಿ. ಚುಚ್ಚೋ ಮುಂಚೆ ಹೇಳ್ತೀನಿ. ನೋವಾದ್ರೆ ಎಡಗೈ ಎತ್ತಿ. ತಕ್ಷಣ ನಿಲ್ಲಿಸ್ತೀನಿ."

ಅವನ ಎಡಗೈ ಮೇಲೇರಿತು.

"ಇನ್ನೂ ಶುರುನೇ ಮಾಡಿಲ್ಲ."

"ಒಂದು ಪ್ರಶ್ನೆ. ಎಲ್ಲರಿಗೂ ಹೀಗೇ ಹೇಳ್ತೀರಾ?"

"ಎಲ್ಲರಿಗೂ. ಬಾಯಿ ಅವರದಲ್ವಾ?"

ಅವನು ಮೇಲಿನ ದೀಪದ ಕಡೆ ಮುಖ ಮಾಡಿ ಮಲಗಿದ. ಆಮೇಲೆ ಮೆಲ್ಲಗೆ, "ಕೋಲೂ ನಿಮ್ಮದೇ ಆಗಿತ್ತು," ಎಂದು ಬಾಯಿ ತೆರೆದ.

ಅವಳು ಸೂಜಿ ಕೈಗೆತ್ತಿಕೊಂಡಳು. ಕ್ಷಮೆ ಕೇಳುವವರು ಬಹಳ. ಯಾವುದಕ್ಕೆ ಕೇಳುತ್ತಿದ್ದೇವೆಂದು ಗೊತ್ತಿರುವವರು ಅಪರೂಪ. ಮಾಸ್ಕಿನ ಮೇಲೆ ಅವಳ ಕಣ್ಣುಗಳಷ್ಟೇ ಕಾಣುತ್ತಿದ್ದವು. ಕಣ್ಣು ಓದುವುದು ಅವನ ಕಸುಬು. ಅವನಿಗೆ ಅಷ್ಟು ಸಾಕಾಯಿತು.

"ಪಂದ್ಯಕ್ಕೆ ಬೇರೆ ಜೋಡಿ ಸಿಕ್ಕಿದ್ರಾ?" ಎಂದು ಹಲ್ಲು ಕೊರೆಯುತ್ತಲೇ ಕೇಳಿದಳು. ಅವನು ತಲೆ ಆಡಿಸಲಾರ, ಮಾತಾಡಲಾರ. "ಸಿಕ್ಕಿಲ್ಲ ತಾನೆ? ಒಳ್ಳೇದು. ನಾನು ಬರ್ತೀನಿ. ಆದ್ರೆ ನಾನು ಕೇಳೋವರೆಗೂ ಒಂದೂ ಸಲಹೆ ಕೊಡಬಾರ್ದು. ಒಪ್ಪಿಗೆ ಇಲ್ದಿದ್ರೆ ಎಡಗೈ ಎತ್ತಿ."

ಎಡಗೈ ಕುರ್ಚಿಯ ತೋಳನ್ನು ಬಿಗಿಯಾಗಿ ಹಿಡಿದುಕೊಂಡೇ ಇತ್ತು.

ಮರುದಿನ ಅವಳು ದಾರ ಸುತ್ತಿದ ಪಟರನ್ನು ಹಿಡಿದು ಅವನ ಅಂಗಡಿಗೆ ಹೋದಳು. ಅಂಗಡಿಯ ನೆಲದ ಮೇಲೆ ಚೆಂಡಿಟ್ಟು, ಪಟರ್ ಹಿಡಿದು ಬಾಗಿ ನಿಂತು, ಇನ್ನೊಂದು ಚೆಂಡನ್ನು ಎಡಗಣ್ಣಿನ ಬಳಿಯಿಂದ ಕೆಳಕ್ಕೆ ಬಿಟ್ಟಳು. ಕಣ್ಣು ನೇರಕ್ಕಿದ್ದರೆ ಅದು ಕೆಳಗಿನ ಚೆಂಡಿನ ಮೇಲೇ ಬೀಳಬೇಕು. ಬೀಳಲಿಲ್ಲ. ಕೈಯನ್ನು ಕೋಲಿನ ಮೇಲೆ ಸ್ವಲ್ಪ ಸ್ವಲ್ಪವೇ ಇಳಿಸುತ್ತ ಮತ್ತೆ ಮತ್ತೆ ಬಿಟ್ಟಳು. ಚೆಂಡುಗಳು ಕಪಾಟಿನಡಿಗೆಲ್ಲ ಉರುಳಿದವು. ಅವನು ಮಾತಾಡದೆ ಮೊಣಕಾಲೂರಿ ಹೆಕ್ಕಿ ಕೊಡುತ್ತಿದ್ದ. ಕೊನೆಗೆ ಟಪ್ ಎಂದು ಚೆಂಡಿನ ಮೇಲೆ ಚೆಂಡು ಬಿತ್ತು. ಅವಳು ಪೆನ್ಸಿಲಿನಿಂದ ಗುರುತು ಹಾಕಿದಳು.

"ಇಲ್ಲಿಗೆ ಕತ್ತರಿಸಿ."

ಅವನು ನೋಡಿದ. "ಒಂದು ಬೆರಳು. ನಾನು ಎರಡು ಅಂದ್ಕೊಂಡಿದ್ದೆ."

"ತಪ್ಪು ಅಂದ್ಕೊಂಡಿದ್ರಿ."

"ಹೌದು," ಎಂದ. ಆ "ಹೌದು" ಅವಳಿಗೆ ಬಹಳ ಇಷ್ಟವಾಯಿತು.

ಪಂದ್ಯದ ದಿನ ಕೆಂಪು ಚುಕ್ಕೆಯ ಚೆಂಡು ಮರಳು ಕಂಡಿತು, ಪೊದೆ ಕಂಡಿತು, ಒಮ್ಮೆ ಬೇರೆ ಜೋಡಿಯವರ ಚೀಲದೊಳಗೇ ಬಿತ್ತು. ಕೊನೆಯ ಗುಳಿಗೆ ಬರುವಾಗ ಹೊಡೆತಗಳ ಲೆಕ್ಕದಲ್ಲಿ ಅವರಿಗಿಂತ ಹಿಂದೆ ಇದ್ದದ್ದು ಒಂದೇ ಜೋಡಿ, ಅದೂ ಆಗಲೇ ಆಟ ಮುಗಿಸಿತ್ತು. ಅವನು ಹೊಡೆದ ಚೆಂಡು ಗ್ರೀನಿನ ಮೇಲೆ ಬಂದು ಕೂತಿತು. ಇನ್ನು ಅವಳ ಸರದಿ. ಇದೊಂದು ಬಿದ್ದರೆ ಕಡೆಯ ಸ್ಥಾನದ ಅವಮಾನ ತಪ್ಪುತ್ತಿತ್ತು.

ಅವಳು ನೆಲದ ಇಳಿಜಾರು ನೋಡಿದಳು. ತಿಳಿಯಲಿಲ್ಲ. ಅವನನ್ನು ನೋಡಿದಳು. ಅವನು ತುಟಿ ಬಿಗಿದು, ಎರಡೂ ಕೈ ಬೆನ್ನ ಹಿಂದೆ ಕಟ್ಟಿ, ಆಕಾಶ ನೋಡುತ್ತಿದ್ದ. ಬೆಳಗಿನಿಂದ ಒಂದೂ ಸಲಹೆ ಕೊಟ್ಟಿರಲಿಲ್ಲ. ಪಾಪ, ಎಷ್ಟು ಮಾತು ನುಂಗಿದ್ದನೋ.

"ಕೇಳ್ತಿದೀನಿ," ಎಂದಳು. "ಎಲ್ಲಿಗೆ ಗುರಿ ಇಡ್ಲಿ?"

ಅವನ ಮುಖ ಅರಳಿತು. "ಗುಳಿಯ ಎಡ ಅಂಚಿಗೆ. ಅಷ್ಟೇ."

ಚೆಂಡು ಎಡ ಅಂಚಿಗೆ ಹೊರಟಿತು, ವಾಲಿತು, ನಿಧಾನವಾಯಿತು, ಗುಳಿಯ ಬಾಯಲ್ಲಿ ಬಂದು ನಿಂತೇಬಿಟ್ಟಿತು. ಊದಿದರೆ ಬೀಳುವ ಹಾಗೆ.

"ಅಯ್ಯೋ," ಎಂದಳು. ಆಮೇಲೆ ನಗು ತಡೆಯಲಾಗಲಿಲ್ಲ. "ಮಿಕ್ಕಿದ್ದು ನಿಮ್ಮ ಪಾಲು."

ಅವನು ಬಂದು ಪಟರಿನಿಂದ ಮುಟ್ಟಿದ. ಚೆಂಡು ಒಳಗೆ ಬಿತ್ತು. ಅವರು ಕಡೆಯವರಾದರು.

ಬಗ್ಗಿ ಚೆಂಡು ತೆಗೆದವನು ಅದನ್ನು ಕೊಡದೆ, ಬೆರಳಿನಿಂದ ಕೆಂಪು ಚುಕ್ಕೆ ಸವರುತ್ತ ನಿಂತ. "ಡಾಕ್ಟ್ರೇ, ಒಂದು ಮಾತು ಹೇಳಬೇಕು. ನೋವಾದ್ರೆ ಎಡಗೈ ಎತ್ತಿ, ತಕ್ಷಣ ನಿಲ್ಲಿಸ್ತೀನಿ."

ಅವಳು ಪಟರನ್ನು ಚೀಲಕ್ಕೆ ಒರಗಿಸಿದಳು.

"ನಿಮ್ಮ ಮನೆ, ನಿಮ್ಮ ಕ್ಲಿನಿಕ್ಕು, ನಿಮ್ಮ ಅತ್ತೆ, ನಿಮ್ಮ ಸಿಟ್ಟು, ಯಾವುದನ್ನೂ ಕೂದಲೆಳೆಯಷ್ಟೂ ಬಗ್ಗಿಸಲ್ಲ. ಎಲ್ಲ ಹೇಗಿದ್ಯೋ ಹಾಗೇ ಇರ್ಲಿ. ಪಕ್ಕದಲ್ಲಿ ನಂಗೂ ಒಂದು ಜಾಗ ಇದ್ಯಾ ಅಂತ..." ಅವನು ಚೆಂಡನ್ನು ಮುಂದೆ ಹಿಡಿದ. "ಕೇಳ್ತಿದೀನಿ."

ಅವಳು ಎಡಗೈಗೆ ಹಾಕಿದ್ದ ಆಟದ ಕೈಗವಸನ್ನು ಬಿಚ್ಚತೊಡಗಿದಳು, ಒಂದೊಂದೇ ಬೆರಳು. ಅವನ ಕಣ್ಣು ಆ ಕೈ ಮೇಲೇ ಇತ್ತು. ಎಲ್ಲಿ ಎತ್ತಿಬಿಡುತ್ತಾಳೋ ಎಂದು ಉಸಿರು ಹಿಡಿದಿದ್ದ.

"ಬೇಗ ಹೇಳಿ ಡಾಕ್ಟ್ರೇ. ನಮ್ಮ ಹಿಂದೆ ಆಡೋ ಜೋಡಿ ಕಾಯ್ತಿದಾರೆ."

"ಕಾಯ್ಲಿ," ಎಂದಳು.

ಆ ಎಡಗೈ ಮೇಲೇಳಲಿಲ್ಲ. ಕೆಂಪು ಚುಕ್ಕೆಯ ಚೆಂಡನ್ನೂ ಅದನ್ನು ಹಿಡಿದಿದ್ದ ಬೆರಳುಗಳನ್ನೂ ಒಟ್ಟಿಗೇ ಮುಚ್ಚಿಕೊಂಡು, ಅಲ್ಲೇ ಉಳಿಯಿತು.